ಹಳೆಯ ಇಂಗ್ಲಿಷಿನ ಉತ್ತಮ ಪುರುಷ ಭವಿಷ್ಯತ್ತು: ಭಾಷೆ ಕೊಡುವವನ ವ್ಯಾಕರಣ

ಇಂಗ್ಲಿಷ್ ವ್ಯಾಕರಣ ಪಠ್ಯಗಳಲ್ಲಿ ಬಹುಕಾಲ ಉಳಿದುಬಂದ ನಿಯಮವೊಂದಿದೆ. ಉತ್ತಮ ಪುರುಷದಲ್ಲಿ ‘ಶಲ್’ ಬಂದರೆ ಅದು ಮುಂದಾಗುವುದರ ಸೂಚನೆ ಮಾತ್ರ. ‘ವಿಲ್’ ಬಂದರೆ ವಚನ ಅಥವಾ ಬೆದರಿಕೆ. ಮಧ್ಯಮ ಹಾಗೂ ಅನ್ಯಪುರುಷಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಈ ನಿಯಮಕ್ಕೆ ಪ್ರಸಿದ್ಧಿ ತಂದದ್ದು 1653ರಲ್ಲಿ ಜಾನ್ ವಾಲಿಸ್ ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣ. ವಾಲಿಸ್ ಗಣಿತಜ್ಞ, ಅನಂತದ ಚಿಹ್ನೆಯನ್ನು ಬಳಕೆಗೆ ತಂದವನು. ಎರಡೂ ಬದಿ ಸಮತೂಗುವ ಸೂತ್ರದ ಮೇಲೆ ಅವನಿಗೆ ಒಲವಿದ್ದುದು ಸಹಜ. ಆದರೆ ಈ ಸೂತ್ರವನ್ನು ಕನ್ನಡಕವಾಗಿ ಧರಿಸಿ ಪ್ರಾಚೀನ ಪಠ್ಯಗಳನ್ನು ಓದುವುದು ಎಷ್ಟು ಸರಿ ಎಂಬುದು ಇಲ್ಲಿಯ ಪ್ರಶ್ನೆ.

ಪ್ರಾಚೀನ ಇಂಗ್ಲಿಷಿನಲ್ಲಿ ಭವಿಷ್ಯತ್ತಿಗೆಂದೇ ಪ್ರತ್ಯೇಕ ಕ್ರಿಯಾರೂಪವಿರಲಿಲ್ಲ. 10ನೆಯ ಶತಮಾನದ ಕೊನೆಯಲ್ಲಿ ಲ್ಯಾಟಿನ್ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸಿದ ಏಲ್‌ಫ್ರಿಕ್, ಲ್ಯಾಟಿನ್ ಭವಿಷ್ಯದ್ರೂಪಕ್ಕೆ ವರ್ತಮಾನವನ್ನೇ ಕೊಟ್ಟು, ಅದರ ಜೊತೆಗೆ ಇಂದು, ನಾಳೆ ಎಂಬ ಕಾಲವಾಚಕಗಳನ್ನು ಸೇರಿಸಿ ತೃಪ್ತನಾಗುತ್ತಾನೆ. ‘ನಾಳೆ ಬರುತ್ತೇನೆ’ ಎನ್ನುವ ಕನ್ನಡಿಗರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ‘ಶಲ್’ನ ಮೂಲವಾದ ‘ಶುಲನ್’ ಸಾಲಗಾರನಾಗಿರುವುದನ್ನೂ ಕಟ್ಟುಬಿದ್ದಿರುವುದನ್ನೂ ಹೇಳುವ ಕ್ರಿಯೆ. ಸಾಲ, ಅಪರಾಧ ಎಂಬ ಅರ್ಥಗಳುಳ್ಳ ಜರ್ಮನ್ ಪದ ‘ಶುಲ್ಡ್’ ಇದರ ಬಂಧು. ‘ವಿಲ್’ನ ಮೂಲವಾದ ‘ವಿಲ್ಲನ್’ ಇಚ್ಛೆಯನ್ನು ಹೇಳುತ್ತದೆ. ದೇವರಿಗೆ ತಾನು ಸಲ್ಲಿಸಬೇಕಾದ ನಿಷ್ಠೆ ಎನ್ನುವಲ್ಲಿ ಚಾಸರನೂ ‘ಶಲ್’ ಅನ್ನು ಸಾಲದ ಅರ್ಥದಲ್ಲೇ ಬಳಸಿದ್ದಾನೆ.

ಹೀಗೆ ಒಂದು ಋಣ, ಇನ್ನೊಂದು ಇಚ್ಛೆ. ಇವುಗಳ ನಡುವಣ ಗೆರೆ ವಚನ ಕೊಡುವ ಸಂದರ್ಭದಲ್ಲಿ ಹೇಗೆ ಅಳಿಸಿಹೋಗುತ್ತದೆ ಎಂಬುದು ಜಾನಪದ ಅಧ್ಯಯನಕಾರರ ಗಮನ ಸೆಳೆಯಬೇಕಾದ ಸಂಗತಿ. ಆಂಗ್ಲೋ-ಸ್ಯಾಕ್ಸನ್ ಯೋಧರು ಒಡೆಯನ ಸಭೆಯಲ್ಲಿ, ಜೇನುಮದ್ಯದ ಬಟ್ಟಲಿನೆದುರು ಆಡುತ್ತಿದ್ದ ಪ್ರತಿಜ್ಞೆಗೆ ‘ಬೆಯೋಟ್’ ಎಂದು ಹೆಸರು. ‘ಬಿಯೊವುಲ್ಫ್’ ಕಾವ್ಯದಲ್ಲಿ ರಾಣಿ ವೆಯಲ್‌ಥಿಯೋ ಬಟ್ಟಲು ನೀಡಿದಾಗ ನಾಯಕನು ಗೆಲ್ಲುವೆ ಇಲ್ಲವೆ ಅಲ್ಲೇ ಮಡಿಯುವೆ ಎಂದು ನುಡಿಯುವುದು ‘ಶುಲನ್’ ರೂಪದಲ್ಲಿ. ಮುಪ್ಪಿನಲ್ಲಿ ಘಟಸರ್ಪವನ್ನು ಎದುರಿಸುವ ಮುನ್ನ ಆಡುವ ಮಾತಿನಲ್ಲಂತೂ ಎರಡೂ ಇವೆ: ಒಂದಡಿಯೂ ಹಿಂಜರಿಯೆನೆನ್ನಲು ‘ವಿಲ್ಲನ್’ನ ನಿಷೇಧ, ನಿಧಿಯನ್ನು ಗೆಲ್ಲುವೆನೆನ್ನಲು ‘ಶುಲನ್’. 991ರ ಮಾಲ್ಡನ್ ಕಾಳಗವನ್ನು ಕುರಿತ ಕವಿತೆಯಲ್ಲಿ (ಇದರ ಹಸ್ತಪ್ರತಿ 1731ರ ಬೆಂಕಿಯಲ್ಲಿ ನಾಶವಾಗಿ ನಕಲಷ್ಟೇ ಉಳಿಯಿತು) ಒಡೆಯ ಬಿರ್ಟ್‌ನೋತ್ ಬಿದ್ದ ಬಳಿಕ ಏಲ್‌ಫ್ವಿನೆ ಎಂಬವನು ಮದ್ಯದ ಪೀಠದಲ್ಲಿ ಆಡಿದ ಮಾತುಗಳನ್ನು ಸಂಗಡಿಗರಿಗೆ ನೆನಪಿಸುತ್ತಾನೆ. ಅನಂತರ ಲೆಯೋಫ್‌ಸುನು ಪಲಾಯನ ಮಾಡೆನೆಂದು, ಮುಂದೆ ನಡೆದು ಸೇಡು ತೀರಿಸುವೆನೆಂದು ಪ್ರತಿಜ್ಞೆ ಮಾಡುವುದು ‘ವಿಲ್ಲನ್’ನಲ್ಲಿ. ಪ್ರತಿಜ್ಞೆ ಅದೇ, ಸಹಾಯಕ ಕ್ರಿಯಾಪದ ಬೇರೆ. ಉಂಡ ಅನ್ನದ ಋಣ ಇಲ್ಲಿ ಇಚ್ಛೆಯಾಗಿಬಿಟ್ಟಿದೆ. ನಮ್ಮ ‘ಜೋಳವಾಳಿ’ ನೆನಪಾಗುವುದು ಸಹಜವಾದರೂ, ಸಾಮ್ಯವನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಇವರನ್ನು ಮಾತಿಗೆ ಕಟ್ಟಿಹಾಕಿದ್ದು ಪದವಲ್ಲ, ಕೇಳಿಸಿಕೊಂಡ ಸಭೆ.

ಲೆಸ್ಲಿ ಆರ್ನೋವಿಕ್ ಅವರು ತಮ್ಮ 1999ರ ಗ್ರಂಥದಲ್ಲಿ ಈ ಸಹಾಯಕ ಕ್ರಿಯಾಪದಗಳ ಸತ್ವ ಕುಂದಿ ಬರಿಯ ಕಾಲಸೂಚಕಗಳಾದಂತೆ ವಚನ ನೀಡಲು ಹೆಚ್ಚು ಮಾತು ಬೇಕಾಯಿತೆಂದು ವಾದಿಸುತ್ತಾರೆ. ಬೆಲೆಯುಳ್ಳ ವಾದವಿದು, ವ್ಯಾಕರಣದಿಂದ ಬಳಕೆಯ ಕಡೆಗೆ ಚರ್ಚೆಯನ್ನು ತಿರುಗಿಸಿತು. ಆದರೂ ಪೂರ್ಣವಾಗಿ ಒಪ್ಪುವುದು ಕಷ್ಟ. ಲೆಯೋಫ್‌ಸುನು ‘ವಿಲ್ಲನ್’ಗೆ ಮೊದಲೇ ‘ವಚನ ಕೊಡುತ್ತೇನೆ’ ಎಂಬ ಅರ್ಥದ ಬೇರೊಂದು ಕ್ರಿಯಾಪದವನ್ನು ಬಾಯಿಬಿಟ್ಟು ಆಡುತ್ತಾನೆ. ಸಹಾಯಕ ಕ್ರಿಯಾಪದ ಇನ್ನೂ ಸತ್ವಶಾಲಿಯಾಗಿದ್ದ ಕಾಲದಲ್ಲೇ ಅದೊಂದೇ ಸಾಲದೆಂದು ಅನ್ನಿಸಿದ್ದಿರಬೇಕು. ಒಡೆಯ ಸತ್ತು, ಸಾಕ್ಷಿಗಳೂ ಸಾಯಲಿರುವ ರಣರಂಗದಲ್ಲಿ ಮಾತಿಗೆ ಹೆಚ್ಚಿನ ಗಂಟು ಬೇಕಾಯಿತೆಂದು ನನಗೆ ತೋರುತ್ತದೆ.

ವಾಲಿಸನ ನಿಯಮವನ್ನು ಬಳಕೆ ಪಾಲಿಸಲಿಲ್ಲವೆಂಬುದು ಹೊಸ ವಿಷಯವಲ್ಲ. 16ನೆಯ ಶತಮಾನದಿಂದ ಮುಂದಿನ ಇಂಗ್ಲಿಷ್ ನಾಟಕಗಳನ್ನು ಪರಿಶೀಲಿಸಿದ ಚಾರ್ಲ್ಸ್ ಫ್ರೀಸ್ 1925ರಲ್ಲೇ ಉತ್ತಮ ಪುರುಷದಲ್ಲಿ ‘ವಿಲ್’ ಮೇಲುಗೈ ಪಡೆದಿರುವುದನ್ನು ತೋರಿಸಿದರು. ಆದರೂ ನಿಯಮ ಬದುಕುಳಿಯಲು ನೆರವಾದ ನಗೆಗತೆಯೊಂದಿದೆ. ನೀರಿಗೆ ಬಿದ್ದ ಐರಿಷ್‌ನವನೋ ಸ್ಕಾಟ್‌ಲೆಂಡಿನವನೋ ತಾನು ಮುಳುಗುತ್ತಿದ್ದೇನೆ, ಯಾರೂ ಉಳಿಸುವವರಿಲ್ಲ ಎಂದು ಕೂಗಲು ಹೋಗಿ ‘ಶಲ್’, ‘ವಿಲ್’ಗಳನ್ನು ಅದಲುಬದಲು ಮಾಡುತ್ತಾನೆ. ಮುಳುಗುವುದೇ ಅವನ ಸಂಕಲ್ಪ, ಉಳಿಸಕೂಡದೆಂಬುದೇ ಅವನ ಆಜ್ಞೆ ಎಂದು ತಿಳಿದು ದಡದವರು ಸುಮ್ಮನಿರುತ್ತಾರೆ. ಪಾಠಾಂತರಗಳಲ್ಲಿ ಬೇರೆ ಪರದೇಶಿಗಳೂ ಮುಳುಗಿದ್ದಾರೆ. ಪ್ರಾಂತೀಯ ಬಳಕೆಯನ್ನು ಹೀಯಾಳಿಸಲು ಹುಟ್ಟಿದ ಈ ಕಥೆಯನ್ನು ವ್ಯಾಕರಣಕಾರರು ನಿಯಮಕ್ಕೆ ನಿದರ್ಶನವಾಗಿ ಬಳಸಿದರು. ಅದರೊಳಗಿನ ಹಳೆಯ ಪದರ ಮಾತ್ರ ಅವರ ಗಮನಕ್ಕೆ ಬಂದಂತಿಲ್ಲ: ಒಬ್ಬನು ತನ್ನ ಬಗೆಗೆ ಆಡಿದ ಮಾತನ್ನು ಪ್ರತಿಜ್ಞೆಯೆಂದು ಕೇಳಿ, ಅದನ್ನು ಗೌರವಿಸಿ ನಿಂತ ಸಾಕ್ಷಿಗಳು ಆ ದಡದಲ್ಲಿಯೂ ಇದ್ದಾರೆ.