ಖುದಾಬಖ್ಷ್ ಗ್ರಂಥಾಲಯದ ಚಿತ್ರಗಳು ಮತ್ತು ನಾವು

ಗ್ರಂಥಾಲಯಕ್ಕೆ ಹೋಗುವುದು ಓದಲಿಕ್ಕೆ, ಚಿತ್ರ ನೋಡಲಿಕ್ಕೆ ಮ್ಯೂಸಿಯಂ ಇದೆ ಎಂಬ ತಿಳುವಳಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಓದುವ ಕಣ್ಣನ್ನೂ ನೋಡುವ ಕಣ್ಣನ್ನೂ ಬೇರೆ ಮಾಡಿದ ಈ ವಿಂಗಡಣೆ ಅಚ್ಚಿನ ಯಂತ್ರ ಬಂದ ನಂತರದ್ದು. ಅದಕ್ಕೂ ಮೊದಲಿನ ಶಾಹಿ ಖುತುಬ್‌ಖಾನೆಗಳಲ್ಲಿ ಕಿತಾಬು ಎಂದರೆ ಹಲವು ಕಸುಬುದಾರರು ಸೇರಿ ಮಾಡಿದ ವಸ್ತು. ಕಾಗದವನ್ನು ಉಜ್ಜಿ ನುಣುಪು ಮಾಡುವವನು, ಅಕ್ಷರ ಬರೆಯುವ ಖತ್ತಾತ, ಅಂಚಿಗೆ ಬಂಗಾರದ ಬಳ್ಳಿ ಹಬ್ಬಿಸುವವನು, ಚಿತ್ರ ಬಿಡಿಸುವ ಮುಸವ್ವಿರ್, ಕೊನೆಗೆ ಹೊಲಿದು ರಟ್ಟು ಕಟ್ಟುವವನು, ಇಷ್ಟು ಜನರ ಕೈ ದಾಟಿದ ಮೇಲೆ ಅದು ಓದುಗನ ಕೈಗೆ ಬರುತ್ತಿತ್ತು. ಇಂಥ ಪುಸ್ತಕಗಳನ್ನು ಇಂದಿಗೂ ಪುಸ್ತಕಗಳಾಗಿಯೇ ಉಳಿಸಿಕೊಂಡು ಬಂದಿರುವ ಸಾರ್ವಜನಿಕ ಗ್ರಂಥಾಲಯಗಳು ನಮ್ಮ ದೇಶದಲ್ಲಿ ಬಹಳ ಇಲ್ಲ. ಅವುಗಳಲ್ಲಿ ಪಾಟ್ನಾದ ಖುದಾಬಖ್ಷ್ ಓರಿಯಂಟಲ್ ಪಬ್ಲಿಕ್ ಲೈಬ್ರರಿ ಮುಖ್ಯವಾದದ್ದು. ಅಲ್ಲಿನ ಚಿತ್ರಗಳನ್ನು ನೆಪವಾಗಿಟ್ಟುಕೊಂಡು, ನಾವು ಅವನ್ನು ಹೇಗೆ ನೋಡುತ್ತಿದ್ದೇವೆ ಎಂಬುದನ್ನು ಇಲ್ಲಿ ಚರ್ಚಿಸಬಹುದು.

ಮೊದಲು ಈ ಗ್ರಂಥಾಲಯದ ಹಿನ್ನೆಲೆ. ಇದನ್ನು ಕಟ್ಟಿದವರು ನವಾಬರಲ್ಲ, ವಕೀಲರು. ಮೌಲ್ವಿ ಖುದಾಬಖ್ಷ್ ಖಾನ್ (1842-1908) ಅವರ ತಂದೆ ಮುಹಮ್ಮದ್ ಬಖ್ಷ್ 1876ರಲ್ಲಿ ತೀರಿಕೊಂಡಾಗ ಮಗನಿಗೆ ಬಿಟ್ಟುಹೋದದ್ದು ಸುಮಾರು 1400 ಹಸ್ತಪ್ರತಿಗಳು ಮತ್ತು ಒಂದು ವಸಿಯ್ಯತ್. ಈ ಸಂಗ್ರಹವನ್ನು ಬೆಳೆಸಬೇಕು, ಜನರಿಗಾಗಿ ತೆರೆಯಬೇಕು ಎಂಬುದೇ ಆ ವಸಿಯ್ಯತ್. ಮಗ ತನ್ನ ಗಳಿಕೆಯನ್ನೆಲ್ಲ ಅದಕ್ಕೇ ಸುರಿದರು. ಅರಬ್ ನಾಡುಗಳಲ್ಲಿ, ಇರಾನಿನಲ್ಲಿ ಹಸ್ತಪ್ರತಿ ಹುಡುಕಿ ತರಲು ಸಂಬಳಕ್ಕೆ ಆಳನ್ನಿಟ್ಟರು. 1891ರಲ್ಲಿ ಸುಮಾರು 4000 ಹಸ್ತಪ್ರತಿಗಳೊಂದಿಗೆ ಗ್ರಂಥಾಲಯವನ್ನು ಸಾರ್ವಜನಿಕರಿಗೆ ಒಪ್ಪಿಸಿದರು. ಹಸ್ತಪ್ರತಿಗಳು ಪಾಟ್ನಾ ಬಿಟ್ಟು ಹೋಗಕೂಡದು ಎಂಬುದು ಅವರ ಷರತ್ತು. ಬ್ರಿಟಿಷ್ ಮ್ಯೂಸಿಯಂನವರು ದೊಡ್ಡ ಮೊತ್ತ ಕೊಡುತ್ತೇವೆಂದರೂ ಅವರು ಒಪ್ಪಲಿಲ್ಲವೆಂಬ ಮಾತು ಪ್ರಸಿದ್ಧವಾಗಿದೆ. 1969ರಲ್ಲಿ ಸಂಸತ್ತು ಕಾಯಿದೆ ಮಾಡಿ ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ಇಂದು ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಅದನ್ನು ಕಟ್ಟಿದವರ ಸಮಾಧಿಯೂ ಅದೇ ಆವರಣದಲ್ಲಿದೆ.

ಈ ಸಂಗ್ರಹದ ಕಿರೀಟಪ್ರಾಯವಾದ ಕೃತಿ 'ತಾರೀಖೆ ಖಾನ್‌ದಾನೆ ತೈಮೂರಿಯಾ'. ತೈಮೂರನಿಂದ ಹಿಡಿದು ಅಕ್ಬರನ ಆಳ್ವಿಕೆಯ 22ನೆಯ ವರ್ಷದವರೆಗಿನ ವಂಶಚರಿತ್ರೆ ಇದು. ಅಕ್ಬರನ ಚಿತ್ರಶಾಲೆಯಲ್ಲಿ ಸಿದ್ಧವಾದ ಈ ಗ್ರಂಥದಲ್ಲಿ 132 ಚಿತ್ರಗಳಿವೆ. ಜಗತ್ತಿನಲ್ಲಿ ಇದರ ಇನ್ನೊಂದು ಪ್ರತಿ ದೊರೆತಿಲ್ಲ. ಶಾಹಜಹಾನ್ ತನ್ನ ಕೈಯಾರೆ ಬರೆದ ಟಿಪ್ಪಣಿಯೂ ಇದರಲ್ಲಿದೆ. 2011ರಲ್ಲಿ ಯುನೆಸ್ಕೋ ಇದನ್ನು ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಇದರೊಂದಿಗೆ ಹುಮಾಯೂನ್ ಮತ್ತು ಜಹಾಂಗೀರ್ ಫಾಲು ನೋಡಿ ಅಂಚಿನಲ್ಲಿ ಷರಾ ಬರೆದಿರುವ ಹಾಫಿಜನ ದೀವಾನ್ ಇದೆ, ಅಲಿ ಮರ್ದಾನ್ ಖಾನ್ ಶಾಹಜಹಾನನಿಗೆ ಕಾಣಿಕೆಯಾಗಿ ಕೊಟ್ಟ ಶಾಹನಾಮಾ ಇದೆ. ಆದರೆ ಚಿತ್ರಕಲೆಯ ದೃಷ್ಟಿಯಿಂದ ತೈಮೂರ್ ವಂಶದ ಗ್ರಂಥಕ್ಕೆ ಸಾಟಿಯಾದದ್ದು ಕಡಿಮೆ.

ಈ ಚಿತ್ರಗಳನ್ನು ಹೊಗಳುವುದು ಸುಲಭ. ಬಣ್ಣ, ಕುಸುರಿ, ಬಂಗಾರ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಇದು ಗೆದ್ದವರ ಪುಸ್ತಕ ಎಂಬುದನ್ನು ಮರೆಯಬಾರದು. ಪುಟದಿಂದ ಪುಟಕ್ಕೆ ಮುತ್ತಿಗೆ, ದಂಡಯಾತ್ರೆ, ಪಟ್ಟಾಭಿಷೇಕ, ಶರಣಾಗತಿ. ತೈಮೂರನ ಕತ್ತಿಗೆ ಸಿಕ್ಕಿದ ಊರುಗಳಲ್ಲಿ 1398ರ ದಿಲ್ಲಿಯೂ ಒಂದು, ಅಲ್ಲಿ ಸತ್ತವರಲ್ಲಿ ಎಲ್ಲ ಧರ್ಮದವರೂ ಇದ್ದರು. ಅಂಥವನ ಬಾಲ್ಯವನ್ನು ಈ ಗ್ರಂಥ ಗೆಳೆಯರ ನಡುವೆ ರಾಜನಾಗಿ ಆಟವಾಡುವ ಹುಡುಗನ ಚಿತ್ರದಿಂದ ತೋರಿಸುತ್ತದೆ. ಆಳುವುದು ಇವನ ಹುಟ್ಟುಗುಣ ಎಂದು ನಮ್ಮನ್ನು ಒಪ್ಪಿಸುವ ಜಾಣತನ ಇದು. ಪ್ರಭುತ್ವ ತನ್ನ ಚರಿತ್ರೆಯನ್ನು ಬರೆಸುವಾಗ ಎಲ್ಲ ಕಾಲಕ್ಕೂ ಹೀಗೆಯೇ ಬರೆಸುತ್ತದೆ. ಮುಸ್ಲಿಂ ದೊರೆಯ ಪುಸ್ತಕವಾದ್ದರಿಂದ ನಾವು ಇದನ್ನು ಎದೆಗೊತ್ತಿಕೊಳ್ಳಬೇಕಿಲ್ಲ, ಅದೇ ಕಾರಣಕ್ಕೆ ಬೇರೆಯವರು ದೂರ ತಳ್ಳಬೇಕಾಗಿಯೂ ಇಲ್ಲ.

ಹಾಗಾದರೆ ಈ ಚಿತ್ರಗಳ ನಿಜವಾದ ಬೆಲೆ ಎಲ್ಲಿದೆ? ನಮ್ಮ ದೃಷ್ಟಿಯಲ್ಲಿ ಅದು ಪುಟದ ಕೆಳಗಿನ ಅಂಚಿನಲ್ಲಿದೆ. ಅಲ್ಲಿ ಪುಟ್ಟ ಅಕ್ಷರಗಳಲ್ಲಿ ಚಿತ್ರಕಾರರ ಹೆಸರುಗಳಿವೆ. 'ತರಹ್' ಎಂದು ಬರೆದಿದ್ದರೆ ರೇಖೆ ಹಾಕಿ ಚಿತ್ರದ ವಿನ್ಯಾಸ ಮಾಡಿದವನು, 'ಅಮಲ್' ಎಂದಿದ್ದರೆ ಬಣ್ಣ ತುಂಬಿ ಮುಗಿಸಿದವನು. ಅಕ್ಬರನ ಚಿತ್ರಶಾಲೆಯಲ್ಲಿ ಒಮ್ಮೊಮ್ಮೆ ಮುಖಗಳನ್ನು ಬರೆಯಲು ಮೂರನೆಯವನೂ ಇರುತ್ತಿದ್ದ. ದಸ್ವಂತ, ಬಸಾವನ್, ಮಿಸ್ಕೀನ್, ಮನೋಹರ್, ಹೈದರ್ ಕಶ್ಮೀರಿ ಹೀಗೆ ಸಾಗುತ್ತದೆ ಪಟ್ಟಿ. ಚಿತ್ರಕಾರರು ವಾರವಾರ ಮಾಡಿದ ಕೆಲಸವನ್ನು ದಾರೋಗರೂ ಗುಮಾಸ್ತರೂ ಬಾದಶಹನ ಮುಂದಿಡುತ್ತಿದ್ದರೆಂದೂ, ಕೆಲಸ ನೋಡಿ ಇನಾಮು ಕೊಡುವುದು, ಸಂಬಳ ಏರಿಸುವುದು ನಡೆಯುತ್ತಿತ್ತೆಂದೂ ಅಬುಲ್ ಫಜಲ್ ತನ್ನ 'ಆಯಿನೆ ಅಕ್ಬರಿ'ಯಲ್ಲಿ ಬರೆದಿದ್ದಾನೆ. ಅಂದರೆ ಇದು ದೈವದತ್ತ ಪ್ರತಿಭೆಯ ಏಕಾಂತದ ಸೃಷ್ಟಿಯಲ್ಲ, ಕಾರಖಾನೆಯ ದುಡಿಮೆ. ಅದಕ್ಕೇ 132 ಚಿತ್ರಗಳೂ ಒಂದೇ ತೂಕದವಲ್ಲ. ಕೆಲವು ಕಡೆ ರೇಖೆ ಹಾಕಿದವನ ಉಸಿರು ಬಣ್ಣ ತುಂಬಿದವನ ಕೈಯಲ್ಲಿ ಕಟ್ಟಿಹೋಗಿದೆ. ಕೆಲವು ಕಡೆ ಇಬ್ಬರೂ ಒಬ್ಬರೇ ಎನ್ನುವಷ್ಟು ಕೂಡಿದ್ದಾರೆ.

ಈ ಪಟ್ಟಿಯಲ್ಲಿ ದಸ್ವಂತನ ಕಥೆಯನ್ನು ಹೇಳಲೇಬೇಕು. ಅವನು ಪಲ್ಲಕ್ಕಿ ಹೊರುವ ಕಹಾರನ ಮಗ. ಕಂಡ ಕಂಡ ಗೋಡೆಗಳ ಮೇಲೆ ಚಿತ್ರ ಬರೆಯುತ್ತಿದ್ದ ಹುಡುಗ ಅಕ್ಬರನ ಕಣ್ಣಿಗೆ ಬಿದ್ದ. ಇರಾನಿನಿಂದ ಬಂದ ಉಸ್ತಾದ್ ಖ್ವಾಜಾ ಅಬ್ದುಸ್ಸಮದನ ಕೈಕೆಳಗೆ ಕಲಿತ. ಸ್ವಲ್ಪ ಕಾಲದಲ್ಲೇ ಎಲ್ಲರನ್ನೂ ಮೀರಿಸಿದ. ಆಮೇಲೆ ಬುದ್ಧಿ ಕೆಟ್ಟಿತು, 1584ರಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಗೋಡೆಯ ಮೇಲೆ ಇದ್ದಿಲಲ್ಲಿ ಬರೆಯುವ ಹುಡುಗರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ. ಅವರಲ್ಲಿ ಒಬ್ಬನನ್ನು ಒಬ್ಬ ದೊರೆ ಕಂಡ ಎಂಬುದು ದೊರೆಯ ಹಿರಿಮೆಯೇ ಸರಿ. ಆದರೆ ಅವನು ಹೊತ್ತ ಭಾರ ಎಂಥದ್ದಿತ್ತು ಎಂಬುದನ್ನು ಆಸ್ಥಾನದ ಚರಿತ್ರಕಾರ ಹೇಳುವುದಿಲ್ಲ. ಚಿತ್ರಗಳು ಸ್ವಲ್ಪ ಹೇಳುತ್ತವೆ. ಅಕ್ಬರನ ಕಾಲದ ಇಂಥ ಚಿತ್ರಗಳಲ್ಲಿ ಮೇಲೆ ಸಿಂಹಾಸನವಿದ್ದರೆ ಕೆಳಗಿನ ಮೂಲೆಯಲ್ಲಿ ಚರ್ಮದ ಚೀಲ ಹೊತ್ತ ಭಿಸ್ತಿ, ಒಲೆಯ ಮುಂದೆ ಕೂತ ಅಡುಗೆಯವನು, ಕಲ್ಲು ಎಳೆಯುವ ಕೂಲಿ, ಕುದುರೆ ಹಿಡಿದು ತೂಕಡಿಸುವ ಆಳು ಕಾಣಸಿಗುತ್ತಾರೆ. ಬರಹ ಇವರನ್ನು ಹೆಸರಿಸುವುದಿಲ್ಲ, ಕುಂಚ ಬಿಡಲಿಲ್ಲ. ಕಥೆ ಬರೆಯುವ ನಮ್ಮಂಥವರು ಕಲಿಯಬೇಕಾದ ಪಾಠ ಈ ಕೆಳಮೂಲೆಗಳಲ್ಲಿದೆ.

ಇಲ್ಲಿ ಇನ್ನೊಂದು ಮಾತು. ಮುಸ್ಲಿಂ ದೊರೆಯ ಪುಸ್ತಕಕ್ಕೆ ಹಿಂದೂ ಚಿತ್ರಕಾರರು ಚಿತ್ರ ಬರೆದರು ಎಂಬುದನ್ನು ಸೌಹಾರ್ದದ ಸರ್ಟಿಫಿಕೇಟಿನಂತೆ ತೋರಿಸುವ ಅಭ್ಯಾಸ ನಮ್ಮ ಪ್ರಗತಿಪರ ಬರಹಗಳಲ್ಲಿದೆ. ರಾಂಪುರದ ರಜಾ ಲೈಬ್ರರಿಯಲ್ಲಿರುವ, ಸುಮೇರ್ ಚಂದ್ 1713ರಲ್ಲಿ ಪರ್ಷಿಯನ್ನಿಗೆ ತಂದ ಸಚಿತ್ರ ರಾಮಾಯಣವನ್ನೂ ಹೀಗೆಯೇ ಬಳಸುತ್ತೇವೆ. ಸದುದ್ದೇಶವೇನೋ ಸರಿ. ಆದರೆ ದಸ್ವಂತ ಭಾವೈಕ್ಯಕ್ಕಾಗಿ ಕುಂಚ ಹಿಡಿಯಲಿಲ್ಲ. ಅದು ಅವನ ಕಸುಬು, ಅವನ ಅನ್ನ, ಅವನ ಹುಚ್ಚು. ಪರ್ಷಿಯನ್ ಲಿಪಿಯಲ್ಲಿ ಬರೆದ ದಸ್ವಂತನ ಹೆಸರನ್ನು ಆ ಕಾಲದವರು ಓದಿದ್ದು ಒಬ್ಬ ಕಲಾವಿದನ ಹೆಸರೆಂದೇ. ಕನ್ನಡ ಲಿಪಿಯಲ್ಲಿ ಬರೆಯುವ ಮುಸ್ಲಿಂ ಲೇಖಕರನ್ನು ಕೂಡ ಕೋಮು ಸೌಹಾರ್ದದ ಪ್ರತಿನಿಧಿಗಳೆಂದೇ ವೇದಿಕೆಗೆ ಕರೆಯುವವರಿದ್ದಾರೆ. ಕಥೆ ಹೇಗಿದೆ ಎಂದು ಕೇಳುವವರು ಕಡಿಮೆ. ಕಲೆಯನ್ನು ಕಲೆಯಾಗಿ ನೋಡದ ಪ್ರೀತಿಯೂ ಒಂದು ಬಗೆಯ ಉಪೇಕ್ಷೆಯೇ.

ಇನ್ನು ನಮ್ಮ ಸಮುದಾಯದೊಳಗಿನ ಪ್ರಶ್ನೆ. ಜೀವಿಗಳ ಚಿತ್ರ ಬರೆಯುವುದು ಇಸ್ಲಾಮಿನಲ್ಲಿ ನಿಷಿದ್ಧವಲ್ಲವೇ, ಹಾಗಿರುವಾಗ ಈ ಪರಂಪರೆ ನಮ್ಮದು ಹೇಗಾಯಿತು ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದದ್ದಲ್ಲ. ಚಿತ್ರಕಾರರನ್ನು ಎಚ್ಚರಿಸುವ ಹದೀಸ್‌ಗಳಿವೆ, ಅವುಗಳ ಹಿಂದೆ ವಿಗ್ರಹಾರಾಧನೆಯ ಭಯವಿದೆ. ನೆರಳು ಬೀಳುವ ಮೂರ್ತಿ ಬೇರೆ, ಹಾಳೆಯ ಮೇಲಿನ ಚಿತ್ರ ಬೇರೆ ಎಂದ ವಿದ್ವಾಂಸರೂ ಇದ್ದರು, ಎರಡೂ ಸಲ್ಲದು ಎಂದವರೂ ಇದ್ದರು. ಈ ವಾದವನ್ನು ತೀರ್ಮಾನಿಸುವ ಅಧಿಕಾರ ಕಥೆಗಾರರಿಗಿಲ್ಲ. ಆದರೆ ಎರಡು ಸಂಗತಿಗಳನ್ನು ಮುಂದಿಡಬಹುದು. ಈ ಚಿತ್ರಗಳು ಮಸೀದಿಯ ಗೋಡೆಗೆ ಹೋಗಲಿಲ್ಲ, ಯಾರೂ ಅವಕ್ಕೆ ತಲೆಬಾಗಲಿಲ್ಲ. ಪುಸ್ತಕದೊಳಗೆ ಬರಹದ ಜೊತೆಗಾರನಾಗಿ ಕೂತವು, ತೆರೆದಾಗ ಕಂಡವು, ಮುಚ್ಚಿದಾಗ ಮರೆಯಾದವು. ಎರಡನೆಯದಾಗಿ, ಖುದಾಬಖ್ಷ್ ಅವರು ಧರ್ಮನಿಷ್ಠರಾಗಿದ್ದರು. ಅವರು ಕುರ್‌ಆನಿನ ಅಪೂರ್ವ ಪ್ರತಿಗಳನ್ನು, ಹದೀಸ್ ಗ್ರಂಥಗಳನ್ನು ಕೂಡಿಸಿದ ಸೂರಿನಡಿಯಲ್ಲೇ ಈ ಸಚಿತ್ರ ಗ್ರಂಥಗಳನ್ನೂ ಕಾಪಾಡಿದರು. ಒಂದನ್ನು ಉಳಿಸಲು ಇನ್ನೊಂದನ್ನು ಸುಡಬೇಕೆಂದು ಅವರಿಗೆ ಅನ್ನಿಸಲಿಲ್ಲ. ಚಿತ್ರ ಬರೆಯಲು ಒಪ್ಪದವರೂ ಅದನ್ನು ಚರಿತ್ರೆಯ ಸಾಕ್ಷಿಯಾಗಿ ಕಾಯಬಹುದು ಎಂಬ ಈ ವಿವೇಕ ಇಂದು ನಮಗೆ ಬಹಳ ಬೇಕಾಗಿದೆ.

ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಬಿಜಾಪುರದ ಆದಿಲಶಾಹಿಗಳ ಖುತುಬ್‌ಖಾನೆಯಲ್ಲಿ ಉಳಿದು ಅಸರ್ ಮಹಲಿನಲ್ಲಿದ್ದ ಹಸ್ತಪ್ರತಿಗಳನ್ನು ಬ್ರಿಟಿಷರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಬಿಜಾಪುರದಲ್ಲಿ 1570ರಲ್ಲಿ ಸಿದ್ಧವಾದ, ನೂರಾರು ಚಿತ್ರಗಳಿರುವ 'ನುಜೂಮುಲ್ ಉಲೂಮ್' ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನರ ಸುಮಾರು 2000 ಗ್ರಂಥಗಳು ಕಂಪನಿಯ ಪಾಲಾಗಿ ಕಲ್ಕತ್ತೆಗೂ ಇಂಗ್ಲೆಂಡಿಗೂ ಹಂಚಿಹೋದವು. ಚಾರ್ಲ್ಸ್ ಸ್ಟೀವರ್ಟ್ ಸಿದ್ಧಪಡಿಸಿದ ಅವುಗಳ ಪಟ್ಟಿ 1809ರಲ್ಲಿ ಅಚ್ಚಾಯಿತು. ನಮ್ಮ ನಾಡಿನಲ್ಲಿ ಉಳಿದದ್ದು ಕಟ್ಟಡಗಳು, ಹೋದದ್ದು ಪುಸ್ತಕಗಳು. ಬಿಜಾಪುರದ ಹುಡುಗಿಯೊಬ್ಬಳು ತನ್ನ ಊರಿನ ಕುಂಚದ ಕೆಲಸ ನೋಡಬೇಕಾದರೆ ಸಮುದ್ರ ದಾಟಬೇಕು. ಪಾಟ್ನಾದ ಹುಡುಗಿ ಅಶೋಕ ರಾಜಪಥಕ್ಕೆ ಬಂದರೆ ಸಾಕು. ಈ ವ್ಯತ್ಯಾಸವನ್ನು ಉಂಟುಮಾಡಿದ್ದು ಸೈನ್ಯವಲ್ಲ, ಒಬ್ಬ ವಕೀಲ ಬರೆದ ದಾನಪತ್ರ.

ಆ ಪತ್ರವೂ ಎಲ್ಲವನ್ನೂ ಕಾಯಲಾರದು. 2021ರಲ್ಲಿ ಮೇಲುರಸ್ತೆಯೊಂದಕ್ಕಾಗಿ ಇದೇ ಗ್ರಂಥಾಲಯದ ಕರ್ಜನ್ ವಾಚನಾಲಯವನ್ನು ಕೆಡವುವ ಪ್ರಸ್ತಾಪ ಬಂದು, ವಿದ್ವಾಂಸರೂ ನಾಗರಿಕರೂ ದನಿಯೆತ್ತಬೇಕಾಯಿತು. 2023ರ ಮಾರ್ಚ್ 31ರಂದು ಅದೇ ರಾಜ್ಯದ ಬಿಹಾರ್ ಷರೀಫ್‌ನಲ್ಲಿ ರಾಮನವಮಿಯ ಗಲಭೆಯ ನಡುವೆ ಮದ್ರಸಾ ಅಜೀಜಿಯಾದ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಟ್ಟುಹೋದ ಪುಸ್ತಕಗಳು 4500 ಎಂದು ವರದಿಯಾಯಿತು. ಪುಸ್ತಕ ಸುಡುವವನು ಅದನ್ನು ಓದಿರುವುದಿಲ್ಲ. ಓದಿಸುವ, ತೋರಿಸುವ ಕೆಲಸವನ್ನು ನಾವೂ ಎಷ್ಟು ಮಾಡಿದ್ದೇವೆ ಎಂದು ಕೇಳಿಕೊಳ್ಳಬೇಕು.

ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಟ್ಟ ಪುಸ್ತಕ ಒಂದು ಸಲಕ್ಕೆ ಎರಡೇ ಪುಟ ತೋರಿಸುತ್ತದೆ. ಬೆಳಕು ಹೆಚ್ಚಾದರೆ ಬಣ್ಣ ಮಾಸುತ್ತದೆ, ಕೈ ತಾಗಿದರೆ ಹಾಳೆ ಸವೆಯುತ್ತದೆ. ಆದ್ದರಿಂದ ಮೂಲಪ್ರತಿಯನ್ನು ಮುಚ್ಚಿಡುವುದು ತಪ್ಪಲ್ಲ. ಮುಚ್ಚಿದ ಪುಟಗಳು ಬೇರೆ ದಾರಿಯಿಂದ ಜನರನ್ನು ತಲುಪದಿರುವುದು ತಪ್ಪು. 132 ಚಿತ್ರಗಳೂ ಒಳ್ಳೆಯ ಅಚ್ಚಿನಲ್ಲಿ, ಚಿತ್ರಕಾರರ ಹೆಸರುಗಳ ಸಮೇತ, ಶಾಲೆಯೊಂದು ಕೊಳ್ಳಬಹುದಾದ ಬೆಲೆಗೆ, ದೇಶದ ಭಾಷೆಗಳಲ್ಲಿ ಬರಬೇಕು. ಕನ್ನಡದಲ್ಲಿ ಇದನ್ನು ಮಾಡಲು ಪರ್ಷಿಯನ್ ಲಿಪಿ ಓದಬಲ್ಲವರೂ ಕನ್ನಡ ಬರೆಯಬಲ್ಲವರೂ ಬೇಕು. ಉರ್ದು ಶಾಲೆಯಲ್ಲಿ ಕಲಿತು ಕನ್ನಡದಲ್ಲಿ ಬರೆಯುವ ನಮ್ಮ ತಲೆಮಾರಿಗೆ ಎರಡೂ ಗೊತ್ತು. ಮುಂದಿನ ತಲೆಮಾರಿಗೆ ಗೊತ್ತಿರುತ್ತದೆಯೇ ಎಂಬ ಖಾತ್ರಿ ಇಲ್ಲ. ಹೀಗಾಗಿ ಆ ಕೆಳ ಅಂಚಿನ ಹೆಸರುಗಳನ್ನು ಕನ್ನಡದ ಮಕ್ಕಳಿಗೆ ಓದಿ ಹೇಳುವ ಕೆಲಸವನ್ನು ನಾವು ಈಗಲೇ ಶುರುಮಾಡಬೇಕು.