ಗೆದ್ದವರ ಜೇಬಿಗೇ ಕತ್ತರಿ

ಆಟದಲ್ಲಿ ಗೆದ್ದವರಿಗೆ ಬಹುಮಾನ ಕೊಡುವುದು ಲೋಕರೂಢಿ. ಗಾಲ್ಫ್‌ನ ಒಂದು ಗೆಲುವಿಗೆ ಮಾತ್ರ ಈ ರೂಢಿ ತಿರುಗುಮುರುಗು. ಟೀ ಎಂಬ ಪುಟ್ಟ ಗೂಟದ ಮೇಲಿಟ್ಟ ಚೆಂಡನ್ನು ಒಂದೇ ಹೊಡೆತಕ್ಕೆ ಕುಳಿಗೆ ಇಳಿಸಿದವರು, ಅಂದರೆ ಹೋಲ್ ಇನ್ ಒನ್ ಹೊಡೆದವರು, ಆ ಹೊತ್ತಿಗೆ ಕ್ಲಬ್‌ಹೌಸ್‌ನಲ್ಲಿ ಇದ್ದವರಿಗೆಲ್ಲ ಕುಡಿಸಬೇಕು. ಹದಿನೆಂಟು ಕುಳಿಗಳ ಆಟ ಮುಗಿದ ಮೇಲೆ ಸಿಗುವ ಬಾರ್‌ಗೆ ಆಟಗಾರರು ‘19ನೇ ಹೋಲ್’ ಎಂದು ಹೆಸರಿಟ್ಟಿದ್ದಾರೆ. ಉಳಿದ ಹದಿನೆಂಟರಲ್ಲಿ ಎಷ್ಟೇ ಚೆನ್ನಾಗಿ ಆಡಿದ್ದರೂ ಆವತ್ತು ಈ ಹತ್ತೊಂಬತ್ತನೆಯದರಲ್ಲಿ ಸೋಲುವುದು ಅವರ ಪರ್ಸು.

ಇದನ್ನು ಸಿರಿವಂತರ ಚೇಷ್ಟೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಪದ್ಧತಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಅದರೊಳಗೆ ಒಂದು ನ್ಯಾಯ ಕಾಣುತ್ತದೆ. ವಿಮೆ, ಕಾರು, ಗ್ಯಾಲರಿ ಬಂದ ಮೇಲೆ ಆ ನ್ಯಾಯಕ್ಕೆ ಏನಾಯಿತು ಎಂಬುದೂ ಕಾಣುತ್ತದೆ.

ಗಾಲ್ಫ್‌ನ ನಿಯಮಗಳನ್ನು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಸೇರಿ ಬರೆಯುತ್ತವೆ. ಚೆಂಡು ಪೊದೆಗೆ ಬಿದ್ದರೆ, ನೀರಿಗೆ ಬಿದ್ದರೆ, ಎಲ್ಲದಕ್ಕೂ ಅಲ್ಲಿ ಕಟ್ಟಳೆ ಇದೆ. ಕುಳಿಯ ಅಗಲ 4.25 ಇಂಚು ಎಂದು ನಿಗದಿಯಾಗಿದ್ದೇ 1891ರಲ್ಲಿ. ಆದರೆ ಹೋಲ್ ಇನ್ ಒನ್ ಹೊಡೆದವರು ಯಾರಿಗೆ ಏನು ಕೊಡಬೇಕು ಎಂಬುದು ಆ ಪುಸ್ತಕದಲ್ಲಿಲ್ಲ. ಅದರ ಪ್ರಕಾರ ಇದು ಸ್ಕೋರ್ ಕಾರ್ಡ್‌ನಲ್ಲಿ ಬೀಳುವ ‘1’ ಎಂಬ ಅಂಕಿ, ಅಷ್ಟೇ. ಸಾಮಾನ್ಯವಾಗಿ ಪಾರ್-3 ಕುಳಿಯಲ್ಲಿ, ಅಂದರೆ ಮೂರು ಹೊಡೆತಕ್ಕೆ ಮುಗಿಯಬೇಕಾದ ಕುಳಿಯಲ್ಲಿ, ಆಗುವ ಎರಡು ಹೊಡೆತಗಳ ಉಳಿತಾಯ. ಬರೆಯದ ಕಾನೂನು ಇಷ್ಟು ಗಟ್ಟಿಯಾಗಿ ನಿಂತಿದೆ ಎಂದರೆ ಅದಕ್ಕೆ ಕಾರಣ ಬೇರೆಲ್ಲೋ ಇರಬೇಕು.

ಮೊದಲ ಕಾರಣ ಅದೃಷ್ಟ. ಸಾಮಾನ್ಯ ಆಟಗಾರರಿಗೆ ಒಂದು ಪಾರ್-3ರಲ್ಲಿ ಏಸ್, ಅಂದರೆ ಹೋಲ್ ಇನ್ ಒನ್, ಬೀಳುವ ಸಾಧ್ಯತೆ ಸುಮಾರು 12,500ಕ್ಕೆ ಒಂದು, ವೃತ್ತಿಪರರಿಗೆ ಸುಮಾರು 2,500ಕ್ಕೆ ಒಂದು ಎಂಬ ಅಂದಾಜು ಗಾಲ್ಫ್ ಲೋಕದಲ್ಲಿ ಚಾಲ್ತಿಯಲ್ಲಿದೆ. ಬದುಕೆಲ್ಲ ಅದಕ್ಕೇ ಸವೆಸಿದವರಿಗೂ ಭಾನುವಾರದ ಆಟಗಾರರಿಗೂ ನಡುವೆ ಇರುವುದು ಐದು ಪಟ್ಟು ವ್ಯತ್ಯಾಸ ಮಾತ್ರ. 1860ರ ದಶಕದ ಕೊನೆಗೆ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ನಡೆದ ಬ್ರಿಟಿಷ್ ಓಪನ್‌ನಲ್ಲಿ ಯಂಗ್ ಟಾಮ್ ಮಾರಿಸ್ ಹೊಡೆದದ್ದು ಆ ಪಂದ್ಯಾವಳಿಯ ದಾಖಲೆಯಲ್ಲಿರುವ ಮೊದಲ ಹೋಲ್ ಇನ್ ಒನ್. ಆತ ಆ ಕಾಲದ ಶ್ರೇಷ್ಠ ಆಟಗಾರ. 1973ರಲ್ಲಿ ಟ್ರೂನ್‌ನ ‘ಪೋಸ್ಟೇಜ್ ಸ್ಟಾಂಪ್’ ಎಂಬ ಪುಟಾಣಿ ಎಂಟನೇ ಕುಳಿಗೆ ಜೀನ್ ಸಾರಾಜೆನ್ ಒಂದೇ ಹೊಡೆತಕ್ಕೆ ಚೆಂಡು ಇಳಿಸಿದಾಗ ಅವರಿಗೆ 71 ವರ್ಷ. 2023ರ ಪಿಜಿಎ ಚಾಂಪಿಯನ್‌ಶಿಪ್‌ನ ಕೊನೆಯ ದಿನ ತಾರಾ ಆಟಗಾರ ರೋರಿ ಮ್ಯಾಕಿಲ್‌ರಾಯ್ ಜೊತೆ ಆಡುತ್ತ ಚೆಂಡನ್ನು ನೇರ ಕುಳಿಗೇ ಬೀಳಿಸಿದ ಮೈಕಲ್ ಬ್ಲಾಕ್, ಕ್ಲಬ್ಬೊಂದರಲ್ಲಿ ಜನರಿಗೆ ಆಟ ಕಲಿಸುವ ಮೇಷ್ಟ್ರು. ಹರೆಯ, ಮುಪ್ಪು, ಹೆಸರು, ದರ್ಜೆ ಯಾವುದನ್ನೂ ಇದು ನೋಡುವುದಿಲ್ಲ. ದುಡಿಮೆಯಿಂದ ಮಾತ್ರ ಬಾರದ ಸಂಪತ್ತನ್ನು ಹಂಚಿಕೊಂಡರೆ ಹೊಟ್ಟೆಕಿಚ್ಚು ತಣಿಯುತ್ತದೆ ಎಂಬ ಲೆಕ್ಕ ಈ ಸತ್ಕಾರದ ಹಿಂದೆ ಇದ್ದೇ ಇದೆ.

ಆದರೆ ಅದೃಷ್ಟವೊಂದೇ ಕಾರಣವಾಗಿದ್ದರೆ ಇಳಿಜಾರಿನಲ್ಲಿ ಪುಟಿದು ಗ್ರೀನ್‌ಗೆ, ಅಂದರೆ ಕುಳಿಯ ಸುತ್ತಲಿನ ಹುಲ್ಲುಹಾಸಿಗೆ, ಬಂದ ಪ್ರತಿ ಚೆಂಡಿಗೂ ಸತ್ಕಾರ ನಡೆಯಬೇಕಿತ್ತು. ಏಸ್‌ಗೆ ಬೇಕಾದ ಇನ್ನೊಂದು ವಸ್ತು ಸಾಕ್ಷಿ. ನೂರೈವತ್ತು ಗಜ ದೂರದಿಂದ ಹೊಡೆದವರಿಗೆ ಚೆಂಡು ಕುಳಿಗೆ ಬಿದ್ದದ್ದು ಎಷ್ಟೋ ಸಲ ಕಾಣುವುದೇ ಇಲ್ಲ. ಗ್ರೀನ್ ಎತ್ತರದಲ್ಲಿದ್ದರೆ ಬಾವುಟದ ತುದಿ ಮಾತ್ರ ಕಾಣುತ್ತದೆ. ಬಂಕರಿನ ಮರಳು ಹುಡುಕಿ, ಗ್ರೀನ್ ಹಿಂದಿನ ಹುಲ್ಲು ಹುಡುಕಿ, ಕೊನೆಗೆ ಅನುಮಾನದಿಂದಲೇ ಕುಳಿಯೊಳಗೆ ಇಣುಕಿದಾಗ ಚೆಂಡು ಅಲ್ಲಿರುತ್ತದೆ. ಒಬ್ಬರೇ ಆಡುತ್ತಿದ್ದಾಗ ಹೀಗಾದರೆ ಅವರ ಮಾತನ್ನು ನಂಬುವವರು ಯಾರು? ಅದಕ್ಕೇ ಕ್ಲಬ್ಬುಗಳು ಜೊತೆಗಾರರ ಸಹಿ ಕೇಳುತ್ತವೆ. ಸಾಕ್ಷಿ ಇಲ್ಲದ ಏಸ್ ಕ್ಲಬ್ಬಿನ ಗೌರವ ಬೋರ್ಡಿಗೆ ಏರುವುದಿಲ್ಲ. ಹಾಗೆ ನೋಡಿದರೆ ಸತ್ಕಾರವೆಂಬುದು ದಂಡವಲ್ಲ, ಕಂಡವರಿಗೆ ಸಲ್ಲುವ ಋಣ. ‘ಹೌದು, ನಾನು ಅಲ್ಲೇ ಇದ್ದೆ’ ಎಂದು ಇನ್ನು ಇಪ್ಪತ್ತು ವರ್ಷ ಹೇಳಬೇಕಾದವರಿಗೆ ಒಂದು ಲೋಟ ಬಿಯರ್ ದುಬಾರಿಯೇನಲ್ಲ.

ಈ ನ್ಯಾಯವನ್ನು ಅಳತೆಗೋಲಾಗಿ ಹಿಡಿದರೆ ಪದ್ಧತಿಯ ಮೊದಲ ಬಿರುಕು ಕ್ಲಬ್‌ಹೌಸ್‌ನಲ್ಲೇ ಇದೆ. ಕಂಡವರು ಮೂವರು, ಕುಡಿಯುವವರು ಅರವತ್ತು. ಶನಿವಾರ ಮಧ್ಯಾಹ್ನ ಬಾರ್ ತುಂಬಿದ್ದರೆ ಒಂದು ಬಿಲ್ಲು, ಮಂಗಳವಾರ ಬೆಳಿಗ್ಗೆಯಾದರೆ ಇನ್ನೊಂದು ಬಿಲ್ಲು. ಹೊಡೆತ ಒಂದೇ. ನಿವೃತ್ತ ಗುಮಾಸ್ತರಿಗೂ ಕಂಪನಿ ಮಾಲೀಕರಿಗೂ ಬೀಳುವ ದಂಡ ಒಂದೇ ಆದರೆ ಅದು ಸಮಾನತೆಯಲ್ಲ. ಅಮೆರಿಕದ ಹಲವು ಕ್ಲಬ್ಬುಗಳು ಇದಕ್ಕೆ ಕಂಡುಕೊಂಡ ಉಪಾಯ ನಿಧಿ. ಯಾರಿಗಾದರೂ ಏಸ್ ಬಿದ್ದಾಗ ಸದಸ್ಯರ ಲೆಕ್ಕದಿಂದ ಚಿಲ್ಲರೆ ಮೊತ್ತ ಕಡಿತವಾಗಿ, ಒಟ್ಟಾದ ಹಣದಲ್ಲಿ ಬಾರ್ ಬಿಲ್ಲು ತೀರುತ್ತದೆ. ಇದರ ಗಣಿತ ಸ್ವಾರಸ್ಯವಾಗಿದೆ. ಸುತ್ತಿಗೆ ನಾಲ್ಕು ಪಾರ್-3 ಎಂದಿಟ್ಟುಕೊಂಡರೆ, ವಾರಕ್ಕೊಂದು ಸುತ್ತು ಆಡುವ ಸಾಮಾನ್ಯ ಆಟಗಾರರು 12,500ರ ಲೆಕ್ಕಕ್ಕೆ ತಲುಪಲು ಸುಮಾರು 60 ವರ್ಷ ಬೇಕು. ಅಂಥ ಐನೂರು ಮಂದಿ ಇರುವ ಕ್ಲಬ್ಬಿನಲ್ಲಿ ವರ್ಷಕ್ಕೆ ಎಂಟು ಏಸ್ ಬೀಳಬೇಕು. ಒಬ್ಬರಿಗೆ ಜನ್ಮಕ್ಕೊಮ್ಮೆ ಬರುವುದು ಕ್ಲಬ್ಬಿಗೆ ಒಂದೂವರೆ ತಿಂಗಳಿಗೊಮ್ಮೆ ಬರುತ್ತದೆ. ಆದ್ದರಿಂದ ನಿಧಿ ಬುದ್ಧಿವಂತಿಕೆಯ ಏರ್ಪಾಡು. ಆದರೆ ಅಲ್ಲಿ ಕುಡಿದವರೇ ತಮ್ಮ ಬಿಲ್ಲು ತಾವು ಕಟ್ಟಿರುತ್ತಾರೆ. ಹೊಡೆದವರು ಯಾರಿಗೂ ಏನನ್ನೂ ಕೊಟ್ಟಿರುವುದಿಲ್ಲ.

ಕೊಡುವ ಹೊಣೆಯನ್ನು ಜಪಾನಿನಷ್ಟು ಗಂಭೀರವಾಗಿ ತೆಗೆದುಕೊಂಡ ಇನ್ನೊಂದು ದೇಶವನ್ನು ಕಾಣೆ. ಅಲ್ಲಿ ಒಂದು ಸುತ್ತು ಬಿಯರ್‌ಗೆ ಮುಗಿಯುವುದಿಲ್ಲ. ಗೆಳೆಯರಿಗೆ ಔತಣ, ಹೆಸರು ಮತ್ತು ದಿನಾಂಕ ಅಚ್ಚು ಹಾಕಿಸಿದ ಟವೆಲ್, ಚೆಂಡುಗಳಂಥ ಉಡುಗೊರೆ, ಆಟಗಾರರ ಚೀಲ ಹೊರುವ ಕ್ಯಾಡಿಗೆ ಭಕ್ಷೀಸು, ಕೋರ್ಸ್‌ನಲ್ಲಿ ನೆನಪಿಗೊಂದು ಗಿಡ. ನಮ್ಮ ಮದುವೆಮನೆಯ ಮುಯ್ಯಿಯನ್ನು ಬಲ್ಲವರಿಗೆ ಇದರ ಜಾಡು ಗೊತ್ತಾಗುತ್ತದೆ: ಸಂಭ್ರಮ ಯಾರದೇ ಇರಲಿ, ಸಂಬಂಧಗಳ ಲೆಕ್ಕಪುಸ್ತಕ ತೆರೆದೇ ಇರುತ್ತದೆ. ಖರ್ಚು ಲಕ್ಷಗಟ್ಟಲೆ ಯೆನ್ ಆಗುವುದರಿಂದ ಅಲ್ಲಿ ಹೋಲ್ ಇನ್ ಒನ್ ವಿಮೆ ಮಾಮೂಲು. ಔತಣ, ಉಡುಗೊರೆ, ಗಿಡ ನೆಡುವುದು, ಕ್ಯಾಡಿಯ ಭಕ್ಷೀಸು ಎಲ್ಲಕ್ಕೂ ಪಾಲಿಸಿಯಲ್ಲಿ ಒಂದೊಂದು ಬಾಬ್ತು ಇದೆ. ಕ್ಲೇಮ್ ಸಲ್ಲಬೇಕಾದರೆ ಜೊತೆಗಾರರ ಮಾತಷ್ಟೇ ಸಾಲದು. ಕ್ಯಾಡಿಯೋ ಕೋರ್ಸ್‌ನ ಸಿಬ್ಬಂದಿಯೋ ಕಂಡಿರಬೇಕು, ಇಲ್ಲವೇ ಒಪ್ಪತಕ್ಕ ಬೇರೆ ಪುರಾವೆ ಇರಬೇಕು. ಈ ವಿಮೆ ನಮಗೂ ತೀರಾ ಅಪರಿಚಿತವಲ್ಲ. ಭಾರತದ ಸಾಮಾನ್ಯ ವಿಮಾ ಕಂಪನಿಗಳು ಮಾರುವ ಗಾಲ್ಫ್ ಪಾಲಿಸಿಗಳಲ್ಲೂ ಹೋಲ್ ಇನ್ ಒನ್ ಖರ್ಚಿನ ಕಲಮು ಸಿಗುತ್ತದೆ.

ಜಪಾನಿನ ಪದ್ಧತಿಗೆ ಎರಡು ಅಂಕ ಕೊಡಬೇಕು, ಒಂದು ಕಳೆಯಬೇಕು. ಸಾಕ್ಷಿಯ ಬೆಲೆಯನ್ನು ಅದು ಅರಿತಿದೆ, ಕ್ಯಾಡಿಯನ್ನು ಮರೆತಿಲ್ಲ. ಆದರೆ ಖುಷಿಗೇ ಹೆದರಿ ವಿಮೆ ಮಾಡಿಸುವಷ್ಟು ಸತ್ಕಾರ ಬೆಳೆದುಬಿಟ್ಟರೆ, ಅದನ್ನು ಕೊಡುಗೆ ಎನ್ನುವುದಕ್ಕಿಂತ ತೆರಿಗೆ ಎನ್ನುವುದು ಮೇಲು.

ಅಮೆರಿಕದ ಪಂದ್ಯಾವಳಿಗಳಲ್ಲಿ ಹೊಳೆ ಇನ್ನೊಂದು ದಿಕ್ಕಿಗೆ ಹರಿಯಿತು. ಪಾರ್-3ರ ಪಕ್ಕದಲ್ಲಿ ಹೊಸ ಕಾರು ನಿಲ್ಲಿಸಿ ‘ಏಸ್ ಹೊಡೆದವರಿಗೆ ಇದು’ ಎಂಬ ಬೋರ್ಡು. ಇದರ ಹಿಂದೆಯೂ ವಿಮೆಯೇ: ಆಡುವವರ ಸಂಖ್ಯೆ, ಕುಳಿಯ ದೂರ, ಕಾರಿನ ಬೆಲೆ ನೋಡಿ ಪ್ರೀಮಿಯಂ. ಇಲ್ಲೂ ಸಾಕ್ಷಿ ಬೇಕು. ಆದರೆ ಆ ಸಾಕ್ಷಿ ಸಂತೋಷದ ಪಾಲುದಾರನಲ್ಲ, ಕಂಪನಿಯ ಪರ ನಿಂತ ಕಾವಲುಗಾರ. ಪೆನ್ಸಿಲ್ವೇನಿಯಾದಲ್ಲಿ 1987ರಲ್ಲಿ ಒಂದು ತಮಾಷೆ ನಡೆಯಿತು. ಹಿಂದಿನ ಧರ್ಮಾರ್ಥ ಪಂದ್ಯಕ್ಕೆಂದು ನಿಲ್ಲಿಸಿದ್ದ ಷೆವರ್ಲೆ ಕಾರನ್ನೂ ಬೋರ್ಡನ್ನೂ ಡೀಲರ್ ಒಂಬತ್ತನೇ ಕುಳಿಯ ಟೀಯಿಂದ ತೆಗೆದಿರಲಿಲ್ಲ. ಎರಡು ದಿನದ ಮೇಲೆ ಬೇರೊಂದು ಪಂದ್ಯದಲ್ಲಿ ಆಡುತ್ತಿದ್ದವರಿಗೆ ಅಲ್ಲೇ ಏಸ್ ಬಿತ್ತು. ಕಾರು ಕೊಡಲು ಡೀಲರ್ ಒಪ್ಪಲಿಲ್ಲ, ಪ್ರಕರಣ ಕೋರ್ಟಿಗೆ ಹೋಯಿತು. ಬೋರ್ಡು ಒಂದು ಪ್ರಸ್ತಾಪ, ಆ ಹೊಡೆತವೇ ಒಪ್ಪಿಗೆ, ಆದ್ದರಿಂದ ಕರಾರು ಆಗಿದೆ ಎಂದು 1989ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ತೀರ್ಪು ಸರಿಯೇ. ಆದರೆ ಬಾರ್‌ನಲ್ಲಿ ನಗುತ್ತ ತೀರಬೇಕಾದ ವ್ಯವಹಾರ ಕೋರ್ಟಿನ ಕಟಕಟೆ ಹತ್ತಿತಲ್ಲ!

ಹವ್ಯಾಸಿಗಳಿಗೆ ಇನ್ನೊಂದು ಪೇಚು ಇತ್ತು. 500 ಪೌಂಡ್ ಅಥವಾ 750 ಡಾಲರ್ ಮೀರಿದ ಬಹುಮಾನ ಮುಟ್ಟಿದರೆ ಹವ್ಯಾಸಿ ಸ್ಥಾನ ಹೋಗುತ್ತಿತ್ತು. ಕಾರು ಬೇಕೋ ಕ್ಲಬ್ ಪಂದ್ಯಗಳು ಬೇಕೋ ಎಂದು ಆರಿಸಿಕೊಳ್ಳಬೇಕಿತ್ತು. 2012ರಿಂದ ಹೋಲ್ ಇನ್ ಒನ್ ಬಹುಮಾನಕ್ಕೆ ಈ ಮಿತಿ ತೆಗೆದರು. ಅದೃಷ್ಟದ ಹೊಡೆತ ಯಾರನ್ನೂ ವೃತ್ತಿಪರರನ್ನಾಗಿ ಮಾಡುವುದಿಲ್ಲ ಎಂಬ ವಾದ ಒಪ್ಪತಕ್ಕದ್ದೇ. ಅದರೊಂದಿಗೇ ಕೊಡುವ ಕೈ ಪಡೆಯುವ ಕೈ ಆಗುವುದಕ್ಕಿದ್ದ ಕೊನೆಯ ಅಡ್ಡಿಯೂ ಹೋಯಿತು. ಇಂಥ ಬಹುಮಾನಗಳ ಪೊಳ್ಳುತನಕ್ಕೆ 2014ರ ಕೆಎಲ್‌ಎಂ ಓಪನ್ ನಿದರ್ಶನ. ಅಲ್ಲಿ ಏಸ್ ಹೊಡೆದ ಇಂಗ್ಲೆಂಡಿನ ವೃತ್ತಿಪರ ಆ್ಯಂಡಿ ಸಲಿವನ್‌ಗೆ ಸಿಕ್ಕಿದ್ದು ಬಾಹ್ಯಾಕಾಶ ಯಾನದ ಟಿಕೆಟ್. ಹಾರಿಸಬೇಕಿದ್ದ ಎಕ್ಸ್‌ಕೋರ್ ಕಂಪನಿ 2017ರಲ್ಲಿ ದಿವಾಳಿಯಾಯಿತು. ಅವರು ನೆಲದ ಮೇಲೇ ಉಳಿದರು.

ಮೂರನೆಯ ತಿರುವು ಅರಿಜೋನಾದ ಫೀನಿಕ್ಸ್ ಓಪನ್. ಅದರ 16ನೇ ಕುಳಿಯ ಸುತ್ತ ಕ್ರೀಡಾಂಗಣದಂತೆ ಗ್ಯಾಲರಿ ಕಟ್ಟಿದ್ದಾರೆ. 1997ರಲ್ಲಿ ಟೈಗರ್ ವುಡ್ಸ್ ಅಲ್ಲಿ ಏಸ್ ಹೊಡೆದಾಗಿನ ಕೂಗಾಟ ಇಂದಿಗೂ ಗಾಲ್ಫ್ ಪ್ರಿಯರ ಬಾಯಲ್ಲಿದೆ. 2022ರಲ್ಲಿ ಸ್ಯಾಮ್ ರೈಡರ್ ಚೆಂಡು ಇಳಿಸಿದ ಕ್ಷಣ ಪ್ರೇಕ್ಷಕರು ಕೈಲಿದ್ದ ಬಿಯರ್ ಲೋಟ, ಕ್ಯಾನ್‌ಗಳನ್ನು ಹುಲ್ಲಿನ ಮೇಲೆ ಸುರಿಮಳೆಯಾಗಿ ಎಸೆದರು. ಕಸ ಬಳಿಯುವ ತನಕ ಆಟ ನಿಲ್ಲಿಸಬೇಕಾಯಿತು. ಮರುದಿನ ಕಾರ್ಲೋಸ್ ಒರ್ಟಿಸ್ ಹೊಡೆದಾಗಲೂ ಅದೇ ಕಥೆ. ಶಿಷ್ಟಾಚಾರಪ್ರಿಯರು ಮೂಗು ಮುರಿದರು. ನನಗೆ ಮಾತ್ರ ಈ ಗದ್ದಲ ಕಾರಿನ ಬೋರ್ಡಿಗಿಂತ ಪ್ರಾಮಾಣಿಕ ಅನ್ನಿಸುತ್ತದೆ. ಅಲ್ಲಿದ್ದವರೆಲ್ಲ ಕಂಡವರು, ಎಸೆದದ್ದು ತಮ್ಮ ದುಡ್ಡಿನ ಬಿಯರ್. ದೋಷ ಇರುವುದು ಬೇರೆ ಕಡೆ: ಎಸೆದವರು ಒಬ್ಬರು, ಬಳಿದವರು ಇನ್ನೊಬ್ಬರು.

ಆ ಇನ್ನೊಬ್ಬರ ಪ್ರಶ್ನೆಯೇ ನಮಗೆ ಹತ್ತಿರದ್ದು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ದೇಶದ ಹಳೆಯ ಕ್ಲಬ್ಬುಗಳಲ್ಲೊಂದು. ಬ್ರಿಟಿಷರು ತಂದ ಆಟದ ಜೊತೆ 19ನೇ ಹೋಲ್‌ನ ರಿವಾಜುಗಳೂ ಭಾರತಕ್ಕೆ ಬಂದವು. ಆದರೆ ಇಲ್ಲಿಯ ಗಾಲ್ಫ್ ನಡೆಯುವುದು ಕ್ಯಾಡಿಗಳ ಹೆಗಲ ಮೇಲೆ. ಚೀಲ ಹೊತ್ತು, ದೂರ ಅಳೆದು, ಯಾವ ಕ್ಲಬ್ ಹಿಡಿಯಬೇಕೆಂದು ಹೇಳುವವರು ಅವರು. ಮುಂದೆ ನಿಂತು ಚೆಂಡಿನ ಜಾಡು ಕಾಯುವ ಫೋರ್ ಕ್ಯಾಡಿ ಇದ್ದರೆ, ಚೆಂಡು ಕುಳಿಗೆ ಇಳಿದದ್ದನ್ನು ಎಲ್ಲರಿಗಿಂತ ಮೊದಲು ಕಾಣುವವರು ಅವರೇ. ಸದಸ್ಯರಿಗಷ್ಟೇ ತೆರೆಯುವ ಬಾರ್‌ನಲ್ಲಿ ಸತ್ಕಾರ ನಡೆಯುವಾಗ ಅತ್ಯುತ್ತಮ ಸಾಕ್ಷಿ ಬಾಗಿಲ ಹೊರಗಿರುತ್ತಾರೆ. ಏನನ್ನೂ ನೋಡದೆ ಇಸ್ಪೀಟು ಆಡುತ್ತ ಕೂತವರಿಗೆ ವಿಸ್ಕಿ ಸಿಗುತ್ತದೆ. ಪದ್ಧತಿ ತನ್ನ ಮೂಲವನ್ನೇ ಮರೆತದ್ದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಹಾಗಾದರೆ ಇದನ್ನು ಬಿಟ್ಟುಬಿಡಬೇಕೆ? ಬೇಡ. ಗೆದ್ದವರು ಸೋತವರಿಗೆ ಕೊಡಬೇಕೆಂದು ಹೇಳುವ ರಿವಾಜುಗಳು ಆಟದ ಲೋಕದಲ್ಲಿ ಹೆಚ್ಚಿಲ್ಲ, ಇರುವ ಒಂದನ್ನು ಕಳೆದುಕೊಳ್ಳುವುದು ನಷ್ಟ. ತಿದ್ದುವುದೂ ಕಷ್ಟವಲ್ಲ. ಬಾರ್‌ನ ಸಾರ್ವಜನಿಕ ಬಿಲ್ಲು ನಿಧಿಗೆ ಬೀಳಲಿ, ಯಾರ ತಿಂಗಳ ಸಂಬಳಕ್ಕೂ ಪೆಟ್ಟಾಗದಿರಲಿ. ಹೊಡೆದವರು ಸ್ವಂತ ಕೈಯಿಂದ ಕೊಡುವುದು ಜೊತೆಗಾರರಿಗೆ ಮತ್ತು ಕ್ಯಾಡಿಗೆ ಇರಲಿ. ಅದರಲ್ಲಿ ಮೊದಲ ಪಾಲು ಕ್ಯಾಡಿಯದು. ಬೋರ್ಡಿನ ಮೇಲೆ ಹೊಡೆದವರ ಹೆಸರಿನ ಕೆಳಗೆ ಕಂಡವರ ಹೆಸರೂ ಇರಲಿ, ಕ್ಯಾಡಿಯದೂ ಸೇರಿ. ಈ ಕೊನೆಯದಕ್ಕೆ ಚಿನ್ನದ ಬಣ್ಣದ ಎರಡು ಸಾಲು ಬಿಟ್ಟರೆ ಬೇರೆ ಖರ್ಚಿಲ್ಲ. ಅಷ್ಟಕ್ಕೂ ಹಿಂಜರಿಯುವ ಕ್ಲಬ್ಬು ನೂರು ಮಂದಿಗೆ ಕುಡಿಸಿದರೂ ಅದು ಮಾಡಿದ್ದು ಸತ್ಕಾರ ಅಲ್ಲ, ಮಾರಾಟ.