ಮುದ್ದೆ ನುಂಗುವ ನಾಯಿಗೆ ಯಾವ ಆಟಿಕೆ?

ನಮ್ಮ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರಿನಲ್ಲಿ ನಾಯಿಗೆ ಊಟ ಹಾಕುವುದನ್ನು ಯಾರೂ ಒಂದು ಕೆಲಸವೆಂದು ಎಣಿಸುವುದಿಲ್ಲ. ಮನೆಯವರದೆಲ್ಲ ಮುಗಿದ ಮೇಲೆ ಉಳಿದ ಮುದ್ದೆಗೆ ಒಂದಿಷ್ಟು ಸಾರು ಬಿಟ್ಟು ಅಂಗಳದ ತಟ್ಟೆಗೆ ಹಾಕಿದರೆ ಆಯಿತು. ಹಾಕಿದವರು ಕೈ ತೊಳೆದು ಬರುವಷ್ಟರಲ್ಲಿ ನಾಯಿ ತಟ್ಟೆಯ ತಳ ನೆಕ್ಕುತ್ತಿರುತ್ತದೆ. ‘ಎಷ್ಟು ಚೆನ್ನಾಗಿ ತಿಂತು ನೋಡು’ ಎಂದು ಹಿಗ್ಗುವವರೇ ಹೆಚ್ಚು. ಆ ವೇಗ ಹಿಗ್ಗುವಂಥದ್ದಲ್ಲ. ಈಗೀಗ ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮಕ್ಕಳು ಇದನ್ನು ಗಮನಿಸಿ, ತಿಂಡಿಯನ್ನು ಸ್ವಲ್ಪಸ್ವಲ್ಪವೇ ಉದುರಿಸುವ ಆಟಿಕೆಗಳನ್ನು ತಂದುಕೊಡುತ್ತಿದ್ದಾರೆ. ಅವುಗಳಲ್ಲಿ ಬಹುಪಾಲು ವಾರದೊಳಗೆ ಹಿತ್ತಿಲು ಸೇರುತ್ತವೆ. ಹಾಗೇಕಾಗುತ್ತದೆ, ಯಾವುದನ್ನು ತಂದರೆ ಉಪಯೋಗವಾದೀತು ಎಂಬುದನ್ನು ಬೊಂಬೆಗಳಿಗೆ ಹೆಸರಾದ ಚನ್ನಪಟ್ಟಣದ ತಾಲ್ಲೂಕಿನಲ್ಲಿ ಕೂತು ವಿಚಾರ ಮಾಡುವುದಕ್ಕೆ ಬೇರೆ ಕಾರಣವೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಪಾಯದ ಮಾತು. ಗಬಗಬನೆ ತಿನ್ನುವ ನಾಯಿ ಅನ್ನದ ಜೊತೆಗೆ ಗಾಳಿಯನ್ನೂ ನುಂಗುತ್ತದೆ. ತಿಂದದ್ದನ್ನು ಹಾಗೆಯೇ ಕಕ್ಕುವುದು, ಗಂಟಲಿಗೆ ಸಿಕ್ಕಿಸಿಕೊಂಡು ಒದ್ದಾಡುವುದು ಎಲ್ಲರೂ ನೋಡಿರುವಂಥದ್ದೇ. ಅದಕ್ಕಿಂತ ಭಯಂಕರವಾದದ್ದು ಹೊಟ್ಟೆ ಉಬ್ಬಿ, ಜಠರ ತಿರುಚಿಕೊಳ್ಳುವುದು. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಇದು ಹೆಚ್ಚು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಗ್ಲಿಕ್‌ಮನ್ ಮತ್ತು ಸಂಗಡಿಗರು ಇದರ ಬೆನ್ನುಹತ್ತಿ 2000ರಲ್ಲಿ ಪ್ರಕಟಿಸಿದ ಅಧ್ಯಯನ, ಅಪಾಯ ಹೆಚ್ಚಿಸುವ ಸಂಗತಿಗಳಲ್ಲಿ ವಯಸ್ಸು, ರಕ್ತಸಂಬಂಧಿ ನಾಯಿಗೆ ಹೀಗೆ ಆಗಿದ್ದದ್ದು ಇವುಗಳ ಜೊತೆ ದೊಡ್ಡ ನಾಯಿಗಳ ಊಟದ ವೇಗವನ್ನೂ ಹೆಸರಿಸಿತು. ತಟ್ಟೆಯನ್ನು ಸ್ಟೂಲಿನ ಮೇಲೆ ಎತ್ತರಿಸಿ ಇಡುವುದು ಒಳ್ಳೆಯದೆಂಬ ನಂಬಿಕೆ ತಪ್ಪೆಂದೂ ಅದೇ ಅಧ್ಯಯನ ತೋರಿಸಿತು. ಹೊಟ್ಟೆ ಬಿಗಿದು, ವಾಂತಿಗೆ ಹವಣಿಸಿದರೂ ಏನೂ ಬಾರದೆ, ಜೊಲ್ಲು ಸುರಿಸುತ್ತ ನಿಂತಲ್ಲಿ ನಿಲ್ಲದ ನಾಯಿಗೆ ಆ ಗಳಿಗೆಯೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹಳ್ಳಿಯಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಜಾಗ ತಲುಪುವ ಹೊತ್ತಿಗೆ ಎಷ್ಟು ಹೊತ್ತಾಗುತ್ತದೆ ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗೆಂದು, ಒಂದು ಆಟಿಕೆ ತಂದರೆ ಈ ಕಾಯಿಲೆಯೇ ಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವೇಗ ಹಲವು ಕಾರಣಗಳಲ್ಲಿ ಒಂದು, ಅಷ್ಟೆ. ನಮ್ಮ ಕೈಲಿರುವ ಕಾರಣ ಅದಾದ್ದರಿಂದ ಅದರ ಬಗ್ಗೆ ಮಾತು.

ಆ ವೇಗ ಬರುವುದಾದರೂ ಎಲ್ಲಿಂದ? ಅಂಗಳದಲ್ಲಿ ಊಟ ಹಾಕಿದಾಗ ಒಂದು ಸಲ ನಿಂತು ನೋಡಿ. ಪಕ್ಕದ ಮನೆಯ ನಾಯಿ ಬೇಲಿಯಲ್ಲಿ ತೂರಿ ಬಂದಿರುತ್ತದೆ, ಬೀದಿಯ ಎರಡು ನಾಯಿ ದೂರದಲ್ಲಿ ಕುಳಿತಿರುತ್ತವೆ, ಕೋಳಿಗಳು ಆಗಲೇ ತಟ್ಟೆಯ ಅಂಚಿನಲ್ಲಿ. ಇಷ್ಟು ಜನರ ನಡುವೆ ನಿಧಾನವಾಗಿ ತಿನ್ನುವ ನಾಯಿ ಹಸಿದುಕೊಂಡೇ ಮಲಗಬೇಕು. ಇಂಥ ನಾಯಿಗೆ ತಿಂಡಿ ಉದುರಿಸುವ ಚೆಂಡು ಕೊಟ್ಟರೆ ಏನಾಗುತ್ತದೆ? ಉದುರಿದ ಮೊದಲ ಕಾಳು ಕೋಳಿಯ ಪಾಲು. ಎರಡನೆಯದಕ್ಕೆ ಜಗಳ. ನಾಯಿ ಚೆಂಡನ್ನು ಬಾಯಲ್ಲಿ ಕಚ್ಚಿಕೊಂಡು ತೆಂಗಿನ ಬುಡಕ್ಕೆ ಓಡಿ, ಅಲ್ಲಿ ಗುರುಗುಟ್ಟುತ್ತ ಅದನ್ನು ಸೀಳಲು ಕೂರುತ್ತದೆ. ಆಟಿಕೆಯ ತಪ್ಪು ಅದರಲ್ಲಿ ಏನೂ ಇಲ್ಲ. ಬಾಗಿಲು ಹಾಕಿದ ಒಂದು ಜಾಗ, ದಿನಕ್ಕೆ ಒಂದರ ಬದಲು ಎರಡು ಹೊತ್ತು ಊಟ, ಎರಡು ನಾಯಿ ಇದ್ದರೆ ಒಂದಕ್ಕೊಂದು ಕಾಣದಂತೆ ಬೇರೆಬೇರೆ ತಟ್ಟೆ: ಇಷ್ಟನ್ನು ಮಾಡದೆ ಅಂಗಡಿಗೆ ಹೋಗುವುದು ದಂಡ. ಎಷ್ಟೋ ನಾಯಿಗಳ ವೇಗ ಇಷ್ಟರಿಂದಲೇ ಇಳಿಯುತ್ತದೆ.

ಇನ್ನು ಆಟಿಕೆಗಳು. ಇವುಗಳ ಪೈಕಿ ಜಗತ್ತಿನಲ್ಲೆಲ್ಲ ಹೆಸರಾದದ್ದು ಕಾಂಗ್. ಅಮೆರಿಕದ ಜೋ ಮಾರ್ಕಮ್ ಎಂಬವರ ಜರ್ಮನ್ ಶೆಫರ್ಡ್ ನಾಯಿ ಫ್ರಿಟ್ಜ್ ಕಲ್ಲುಗಳನ್ನು ಕಡಿದು ಹಲ್ಲು ಹಾಳುಮಾಡಿಕೊಳ್ಳುತ್ತಿತ್ತಂತೆ. ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನ ರಬ್ಬರ್ ಬಿಡಿಭಾಗವೊಂದನ್ನು ಅದು ಕಲ್ಲಿಗಿಂತ ಹೆಚ್ಚು ಇಷ್ಟಪಟ್ಟದ್ದನ್ನು ಕಂಡು ಅವರು ಅದೇ ಆಕಾರದ ಆಟಿಕೆ ಮಾಡಿಸಿದರು. 1976ರಲ್ಲಿ ಅದು ಮಾರಾಟಕ್ಕೆ ಬಂತು. ಒಳಗೆ ಪೊಳ್ಳು, ಗಟ್ಟಿ ರಬ್ಬರು, ಒಂದೇ ಅಚ್ಚು. ಬಿಚ್ಚುವ ಭಾಗವಿಲ್ಲ, ಸ್ಕ್ರೂ ಇಲ್ಲ. ಐವತ್ತು ವರ್ಷ ಹಳೆಯ ಈ ವಿನ್ಯಾಸವನ್ನು ಮೀರಿಸಿದ್ದು ನನಗೆ ಕಂಡಿಲ್ಲ. ಬೆಲೆ ಮಾತ್ರ ಸಾವಿರ ರೂಪಾಯಿಯ ಆಸುಪಾಸು, ಹಳ್ಳಿಮನೆಗೆ ಅದು ಸಣ್ಣ ಮೊತ್ತವಲ್ಲ.

ಇನ್ನೊಂದು ಬಗೆ ಮಣೆಯಂಥದ್ದು. ಸ್ವೀಡನ್ನಿನ ನೀನಾ ಒಟ್ಟೊಸನ್ 1990ರ ದಶಕದಲ್ಲಿ ಇವನ್ನು ಮಾಡಲು ಶುರುಮಾಡಿದರು. ಗುಳಿಗಳಲ್ಲಿ ತಿಂಡಿ ಇಟ್ಟು ಮೇಲೆ ಮುಚ್ಚಳ ಮುಚ್ಚುವುದು, ನಾಯಿ ಮೂಗಿನಿಂದಲೋ ಪಂಜದಿಂದಲೋ ಅದನ್ನು ಸರಿಸಿ ತಿನ್ನುವುದು. ಅವರ ಮೊದಲ ಆಟಿಕೆಗಳು ಮರದವು. ಪ್ಲಾಸ್ಟಿಕ್ ಬಂದದ್ದು ಆಮೇಲೆ. ನಾಯಿಯ ಬುದ್ಧಿಗೆ ಕೆಲಸ ಕೊಡುವುದರಲ್ಲಿ ಇವು ಎಲ್ಲಕ್ಕಿಂತ ಮೇಲು. ಆದರೆ ಊಟ ನಿಧಾನವಾಗಲಿ ಎಂದು ಇವನ್ನು ಕೊಳ್ಳುವುದು ಸರಿಯಲ್ಲ. ಹಿಡಿಯುವುದು ನಾಲ್ಕಾರು ಚೂರು. ಚುರುಕಾದ ನಾಯಿ ಎರಡು ದಿನದಲ್ಲಿ ಗುಟ್ಟು ಕಲಿತುಬಿಡುತ್ತದೆ, ಸಿಡುಕಿನ ನಾಯಿ ಮುಚ್ಚಳವನ್ನೇ ಕಡಿಯುತ್ತದೆ. ಮೂರನೆಯದು ಒಳಗೆ ಏರುತಗ್ಗುಗಳಿರುವ ಪ್ಲಾಸ್ಟಿಕ್ ತಟ್ಟೆ. ಅಗ್ಗ, ಸುಲಭ, ಒಣ ಆಹಾರಕ್ಕೆ ಚೆನ್ನ. ಪಗ್ಗಿನಂಥ ಚಪ್ಪಟೆ ಮೂತಿಯ ನಾಯಿಗೆ ಆ ಸಂದಿಗಳು ಎಟುಕುವುದಿಲ್ಲ.

ಇವೆಲ್ಲವೂ ನಮ್ಮಲ್ಲಿ ಎಡವುವುದು ಒಂದೇ ಕಡೆ. ಇವುಗಳನ್ನು ಮಾಡಿದವರ ಕಣ್ಣಮುಂದೆ ಇದ್ದದ್ದು ಚೀಲದಲ್ಲಿ ಬರುವ ಒಣ ಗುಳಿಗೆಯಂಥ ಆಹಾರ. ತೂತಿನಿಂದ ಉದುರಬೇಕಾದದ್ದು ಅದು. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ನಾಯಿ ತಿನ್ನುವುದು ರಾಗಿ ಮುದ್ದೆ, ಅನ್ನ, ಮಜ್ಜಿಗೆ. ಮುದ್ದೆ ಉದುರುವುದಿಲ್ಲ. ಚೆಂಡಿನ ತೂತಿಗೆ ಮೆತ್ತಿಕೊಂಡು ಒಣಗಿ, ಇರುವೆ ಮುತ್ತಿ, ಮರುದಿನ ಕಡ್ಡಿ ಹಾಕಿ ಕೆರೆದರೂ ಬರುವುದಿಲ್ಲ. ಏರುತಗ್ಗಿನ ತಟ್ಟೆಯ ಸಂದಿಯಲ್ಲೂ ಅದೇ ಪಾಡು. ಹಿತ್ತಿಲು ಸೇರುವ ಆಟಿಕೆಗಳಲ್ಲಿ ಹೆಚ್ಚಿನವು ಈ ಕಾರಣಕ್ಕೇ ಸೇರುವುದು.

ಮುದ್ದೆಗೆ ಇನ್ನೊಂದು ಗುಣವಿದೆ. ಅದನ್ನು ಅಗಿಯದೆ ನುಂಗುವುದು ಮನುಷ್ಯರಲ್ಲೇ ರೂಢಿ. ನಾಯಿಯೂ ಹಾಗೆಯೇ ಮಾಡುತ್ತದೆ, ಆದರೆ ತುತ್ತಿನ ಅಳತೆ ಅದಕ್ಕೆ ಗೊತ್ತಿಲ್ಲ. ಇಡೀ ಮುದ್ದೆ ಹಾಕಿದರೆ ಮುಷ್ಟಿಯಷ್ಟು ದೊಡ್ಡ ತುಂಡು ಒಂದೇ ಸಲಕ್ಕೆ ಗಂಟಲಿಗೆ ಇಳಿಯುತ್ತದೆ. ಹಾಗಾಗಿ ನಮ್ಮ ನಾಯಿಗೆ ಬೇಕಾದ ಸಾಧನ ಉದುರಿಸುವಂಥದ್ದಲ್ಲ, ನೆಕ್ಕಿಸುವಂಥದ್ದು. ಇದಕ್ಕೆ ಅಡುಗೆಮನೆಯಲ್ಲೇ ಒಳ್ಳೆಯ ಸಾಧನವಿದೆ: ಪಡ್ಡು ಹುಯ್ಯುವ ಹಳೆಯ ಕಬ್ಬಿಣದ ಕಾವಲಿ. ಮುದ್ದೆ ಬೆಚ್ಚಗಿರುವಾಗಲೇ ಸ್ವಲ್ಪ ಮಜ್ಜಿಗೆಯಲ್ಲಿ ಮಿದ್ದು, ಒಂದೊಂದು ಗುಳಿಗೂ ಬೆರಳಿನಿಂದ ಒತ್ತಿ ಸವರಿ ಆರಲು ಬಿಡಬೇಕು. ಆರಿದ ಮೇಲೆ ಅದು ಗುಳಿಗೆ ಅಂಟಿಕೊಂಡು ಗಟ್ಟಿಯಾಗುತ್ತದೆ. ನಾಯಿ ನಾಲಿಗೆಯ ತುದಿಯಿಂದ ಗುಳಿಯ ಅಂಚನ್ನು ಮೊದಲು ಬಿಡಿಸಿ, ಆಮೇಲೆ ನಡುವಿಗೆ ಬಂದು, ಒಂದು ಮುಗಿಸಿ ಇನ್ನೊಂದಕ್ಕೆ ಹೋಗುತ್ತದೆ. ತೂಕವಿರುವುದರಿಂದ ಕಾವಲಿ ಮಗುಚುವುದಿಲ್ಲ. ತೊಳೆಯಲು ನೆನೆಹಾಕಿದರೆ ಸಾಕು, ಒರೆಸಿ ಎಣ್ಣೆ ಸವರಿಟ್ಟರೆ ತುಕ್ಕಿಲ್ಲ. ಮೇಲ್ಪದರ ಎದ್ದುಬಂದ ನಾನ್‌ಸ್ಟಿಕ್ ಕಾವಲಿಯನ್ನು ಮಾತ್ರ ಇದಕ್ಕೆ ಬಳಸಬಾರದು. ಕಾಂಗ್ ತರಹದ ರಬ್ಬರ್ ಆಟಿಕೆ ಮನೆಯಲ್ಲಿದ್ದರೆ ಅದರ ಪೊಳ್ಳಿಗೂ ಹೀಗೆಯೇ ಮುದ್ದೆ ತುರುಕಬಹುದು. ಅದರ ಅಗಲ ಬಾಯಿಗೆ ಬಾಟಲಿ ತೊಳೆಯುವ ಬ್ರಷ್ ಹೋಗುತ್ತದೆ. ಎರಡರಲ್ಲೂ ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಉಪ್ಪುಖಾರ ಬೇರೆ. ಪಾಯಸದಿಂದ ಉಳಿದ ಒಣದ್ರಾಕ್ಷಿಯನ್ನು ಮುದ್ದಿನಿಂದ ಹಾಕುವವರಿದ್ದಾರೆ. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ.

ಈಗ ಚನ್ನಪಟ್ಟಣದ ಮಾತು. 2020ರ ಆಗಸ್ಟ್ 30ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ದೇಶದ ಆಟಿಕೆಯ ಊರುಗಳನ್ನು ಹೇಳುತ್ತ ಚನ್ನಪಟ್ಟಣವನ್ನು ಹೆಸರಿಸಿದರು. ಅದೇ ಭಾಷಣದಲ್ಲಿ ದೇಶದ ನಾಯಿ ತಳಿಗಳನ್ನು ಹೇಳುತ್ತ ನಮ್ಮ ಮುಧೋಳವನ್ನೂ ಹೆಸರಿಸಿದರು. ಬೊಂಬೆಯೂ ನಾಯಿಯೂ ಒಂದೇ ಉಸಿರಿನಲ್ಲಿ ಬಂದರೂ ಎರಡನ್ನೂ ಸೇರಿಸಿ ಯೋಚಿಸಿದವರು ಕಡಿಮೆ. ಅಂದಹಾಗೆ ಮುಧೋಳ ಎದೆ ಆಳವಿರುವ ತಳಿ. ಅದನ್ನು ಸಾಕಿದವರು ಊಟದ ವೇಗದ ಬಗ್ಗೆ ಇನ್ನಷ್ಟು ಎಚ್ಚರವಾಗಿರಬೇಕು.

ನಮ್ಮ ಕುಶಲಕರ್ಮಿಗಳು ನಾಯಿಯ ಆಟಿಕೆ ಮಾಡಬಲ್ಲರೇ? ಕೈಚಳಕದ ಪ್ರಶ್ನೆಯೇ ಇಲ್ಲ. ಗುಂಡಗೆ ಕಡೆಯುವುದು, ಒಳಗೆ ಪೊಳ್ಳು ಮಾಡುವುದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಆ ಬಿಸಿಗೇ ಬಣ್ಣ ಕರಗಿಸಿ ತಾಳೆಗರಿಯಿಂದ ಹೊಳಪು ಕೊಡುವುದು ಇಲ್ಲಿಯವರಿಗೆ ನೀರು ಕುಡಿದಷ್ಟು ಸಲೀಸು. ತೊಡಕಿರುವುದು ವಸ್ತುವಿನಲ್ಲಿ. ಆಲೆ ಮರ ಬೊಂಬೆಗೆ ಒದಗಿದ್ದೇ ಅದು ಹಗುರ, ಮೆದು, ನುಣ್ಣಗೆ ಕಡೆಯಲು ಬರುತ್ತದೆ ಎಂಬ ಕಾರಣಕ್ಕೆ. ಮಗುವಿನ ಕೈಗೆ ಗುಣವಾದದ್ದು ನಾಯಿಯ ದವಡೆಗೆ ದೋಷ. ಜೋರು ಕಡಿತಕ್ಕೆ ಸಿಬಿರೆದ್ದು ವಸಡಿಗೋ ಗಂಟಲಿಗೋ ಚುಚ್ಚುತ್ತದೆ. ಅರಗು ಸಹಜ ವಸ್ತುವೇ, ಆದರೆ ಜೊಲ್ಲಿನಲ್ಲಿ ನೆನೆದು ಹಲ್ಲಿಗೆ ಸಿಕ್ಕರೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಮರವನ್ನು ಬಿಸಿನೀರಿನಲ್ಲಿ ಅದ್ದಿ ತೊಳೆಯುವಂತೆಯೂ ಇಲ್ಲ. ಹೀಗಾಗಿ ಗಿಲಕಿಯನ್ನೋ ಮರದ ಚೆಂಡನ್ನೋ ನಾಯಿಗೆ ಹಾಕಿ ಒಳಗೆ ಹೋಗುವುದು ತಪ್ಪು. ಕೇಂದ್ರ ಸರ್ಕಾರ 2021ರ ಜನವರಿಯಿಂದ ಜಾರಿಗೆ ತಂದ ಆಟಿಕೆ ಗುಣಮಟ್ಟದ ಆದೇಶವೂ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಸಂಬಂಧಿಸಿದ್ದು. ನಾಯಿಯ ಆಟಿಕೆಗೆ ಆ ಕಾವಲಿಲ್ಲ, ಪರೀಕ್ಷಿಸಬೇಕಾದವರು ಕೊಳ್ಳುವವರೇ.

ಆದರೂ ಮರಕ್ಕೆ ಒಂದು ಜಾಗವಿದೆ ಎಂದು ನನ್ನ ನಂಬಿಕೆ. ಅಳಗುಳಿ ಮಣೆಯನ್ನು ನೋಡಿ. ಎರಡು ಸಾಲು, ಸಾಲಿಗೆ ಏಳು ಗುಳಿ. ಸ್ವೀಡನ್ನಿನ ಮಣೆಯಲ್ಲಿರುವ ಮುಖ್ಯ ಅಂಶ ಇದರಲ್ಲಿ ಆಗಲೇ ಇದೆ. ಊಟವಾದ ಮೇಲೆ, ಹೊಟ್ಟೆ ತುಂಬಿದ ನಾಯಿಯ ಮುಂದೆ, ನಾವು ಕೂತಿರುವಾಗ, ಬೇಯಿಸಿದ ಗೆಣಸಿನ ಚೂರನ್ನು ಒಂದೊಂದು ಗುಳಿಗೆ ಹಾಕಿ ಮೇಲೆ ಮರದ ಬಿಲ್ಲೆ ಮುಚ್ಚಿದರೆ ಹುಡುಕುವ ಆಟ ಸಿದ್ಧ. ಕಡ್ಲೆಪುರಿ ಒದಗುವುದಿಲ್ಲ, ನಾಯಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಆಟ ಮುಗಿದೊಡನೆ ಮಣೆ ಎತ್ತಿ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಬೇಕು. ಮನೆಯ ಹಳೆಯ ಮಣೆಯನ್ನೇ ತೆಗೆಯುವುದಾದರೆ ಗುಳಿಗಳಲ್ಲಿ ಗುಲಗಂಜಿ ಉಳಿದಿಲ್ಲವೆಂದು ಎರಡು ಸಲ ನೋಡಿ, ಒಡೆದ ಗುಲಗಂಜಿ ಕಡುವಿಷ. ಮಡಚುವ ಮಣೆಯ ಕಬ್ಬಿಣದ ಕೀಲೂ ಹಲ್ಲಿಗೆ ಸಿಗಬಾರದು. ಗುಳಿ ಇನ್ನಷ್ಟು ಅಗಲ, ಅಷ್ಟು ಆಳವಿಲ್ಲದ, ಕೀಲಿಲ್ಲದ, ಒಳಮೈಗೆ ಬಣ್ಣ ಹಾಕದ, ಗಟ್ಟಿ ಮರದ ಮಣೆಯನ್ನು ಚನ್ನಪಟ್ಟಣದಲ್ಲಿ ಮಾಡಿಸಿದರೆ ಬೆಂಗಳೂರಿನ ನಾಯಿಮನೆಗಳೆಲ್ಲ ಕೊಳ್ಳುತ್ತವೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋದ ಮೇಲೆ ಹಳೆಯ ಹೆದ್ದಾರಿಯ ಬೊಂಬೆ ಅಂಗಡಿಗಳ ಮುಂದೆ ಮೊದಲಿನಷ್ಟು ಕಾರು ನಿಲ್ಲುತ್ತಿಲ್ಲ. ಹೊಸ ಗಿರಾಕಿಯನ್ನು ಹುಡುಕುವವರಿಗೆ ಇದೊಂದು ದಾರಿ. ಆದರೆ ಮಾರುವಾಗ ‘ನಾಯಿಯೊಂದಿಗೆ ಬಿಟ್ಟುಹೋಗುವಂಥದ್ದಲ್ಲ’ ಎಂದು ಸ್ಪಷ್ಟವಾಗಿ ಹೇಳುವ ಪ್ರಾಮಾಣಿಕತೆ ಬೇಕು.

ಮನೆಯಲ್ಲೇ ಸಿಗುತ್ತದೆಂದು ತೆಂಗಿನಕಾಯಿಯನ್ನು ಸಿಪ್ಪೆಸಮೇತ ನಾಯಿಗೆ ಕಡಿಯಲು ಕೊಡುವ ರೂಢಿಯನ್ನು ಮಾತ್ರ ನಾನು ಒಪ್ಪಲಾರೆ. ನಾರು ಹೊಟ್ಟೆಗೆ ಹೋದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಅಂಗಡಿಯಲ್ಲಿ ಕೊಳ್ಳುವವರು ನೋಡಬೇಕಾದ್ದು ಹೆಚ್ಚೇನಿಲ್ಲ. ಆಟಿಕೆ ಇಡಿಯಾಗಿ ನಾಯಿಯ ಬಾಯೊಳಗೆ ಹೋಗದಷ್ಟು ದೊಡ್ಡದಿರಲಿ. ಉಗುರಿನಿಂದ ಒತ್ತಿದರೆ ಸ್ವಲ್ಪವಾದರೂ ತಗ್ಗಬೇಕು; ಕಲ್ಲಿನಂತೆ ನಿಂತರೆ ದವಡೆಹಲ್ಲು ಸೀಳುತ್ತದೆ. ಒಳಗಡೆ ನಿಮ್ಮ ಎರಡು ಬೆರಳು ಆಡುವಂತಿರಲಿ, ಬೆರಳು ಹೋಗದ ಜಾಗವನ್ನು ತೊಳೆಯಲಾಗುವುದಿಲ್ಲ. ಮೊದಲ ದಿನ ತೀರ ಸುಲಭ ಮಾಡಿಕೊಡಿ. ಹಸಿದ ನಾಯಿಗೆ ಕಷ್ಟದ ಒಗಟು ಕೊಟ್ಟು ನೋಡುತ್ತ ಕೂರುವುದು ಹಿಂಸೆಯೇ.

ನನ್ನ ತೀರ್ಮಾನ ಇಷ್ಟು: ಮುದ್ದೆ ತಿನ್ನುವ ನಾಯಿಗೆ ಪಡ್ಡಿನ ಕಾವಲಿ ಮೊದಲು, ದುಡ್ಡಿದ್ದರೆ ಗಟ್ಟಿ ರಬ್ಬರಿನ ಪೊಳ್ಳು ಆಟಿಕೆ, ಮರದ ಮಣೆ ಆಟಕ್ಕೆ ಮಾತ್ರ, ಊಟಕ್ಕಲ್ಲ, ಉದುರಿಸುವ ಪ್ಲಾಸ್ಟಿಕ್ ಚೆಂಡು ನಮ್ಮ ಅಂಗಳಕ್ಕೆ ಬೇಡ. ಊರಿಗೆ ಬರುವ ಮಕ್ಕಳಲ್ಲಿ ಒಂದು ವಿನಂತಿ. ಆಟಿಕೆ ತರುವ ಮುಂಚೆ ಮನೆಗೊಂದು ಫೋನು ಮಾಡಿ, ನಾಯಿ ಏನು ತಿನ್ನುತ್ತದೆ, ಯಾರ ಜೊತೆ ತಿನ್ನುತ್ತದೆ ಎಂದು ಅವ್ವನನ್ನು ಕೇಳಿ ತನ್ನಿ.